ಮೊದಲು ಠರಾವು, ಆಮೇಲೆ ಮೀಟಿಂಗ್

ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನಲವತ್ತು ದಾಟಿದ ಮೇಲೆ ತಾವೇ ವಿದ್ಯಾರ್ಥಿಯಾದರೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ಮನೆ ಕೇಳಿಕೊಂಡು ಬರುತ್ತವೆ. ಬಂದರೆ ಚಹಾ ಕುಡಿಯದೆ ಏಳುವುದಿಲ್ಲ.

ನಾನು ಚಿಕ್ಕೋಡಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಊರವರು ಅಕ್ಕೋರು ಎನ್ನುತ್ತಾರೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಶಾಲೆಯ ಕೆಲಸಕ್ಕೇನೂ ತೊಂದರೆಯಾಗಲಿಲ್ಲ. ಗಂಟೆ ಹೊಡೆಯುತ್ತಿತ್ತು, ನಾನು ಕ್ಲಾಸಿಗೆ ಹೋಗುತ್ತಿದ್ದೆ. ತೊಂದರೆ ಇದ್ದದ್ದು ಸಂಜೆ ಐದರ ನಂತರ, ಮತ್ತು ರವಿವಾರ ಇಡೀ ದಿನ. ಆ ಹೊತ್ತನ್ನು ತುಂಬಲು ದೊಡ್ಡದಾದ, ಬೇಗ ಮುಗಿಯದ ಒಂದು ಕೆಲಸ ಬೇಕಿತ್ತು. ವಿಚಾರಿಸಿ ನೋಡಿದಾಗ ಪಿಎಚ್‌ಡಿಗಿಂತ ನಿಧಾನವಾದದ್ದು ಬೇರೊಂದಿಲ್ಲ ಎಂದು ತಿಳಿಯಿತು.

ಹಿಂದೆ ದೂರಶಿಕ್ಷಣದಲ್ಲಿ ಪಡೆದ ಎಂ.ಕಾಂ. ಕೈಯಲ್ಲಿತ್ತು. ಬೆಳಗಾವಿಯ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಹೆಸರು ಹಚ್ಚಿದೆ. ವಿಷಯ ಸಂಘಟನಾ ಅಧ್ಯಯನ. ಅಂದರೆ ಸಂಘ, ಸಂಸ್ಥೆ, ಕಚೇರಿಗಳಲ್ಲಿ ಜನ ಒಟ್ಟಿಗೆ ಸೇರಿ ಹೇಗೆ ನಿರ್ಧಾರ ಮಾಡುತ್ತಾರೆ ಎಂದು ನೋಡುವುದು. ಆರು ವರ್ಷದೊಳಗೆ ಮುಗಿಸದಿದ್ದರೆ ಹೆಸರು ತೆಗೆದುಹಾಕುತ್ತಾರೆ ಎಂದು ಆಫೀಸಿನಲ್ಲಿ ಎರಡು ಸಲ ಹೇಳಿದರು. ನಾನು ಮುಗಿಸಲೇಬೇಕೆಂದುಕೊಂಡೆ. ನಮ್ಮ ಮನೆಯಲ್ಲಿ ಅರ್ಧಕ್ಕೆ ನಿಂತದ್ದು ಒಂದೇ ಸಾಕಿತ್ತು.

ಗೈಡ್

ಮೊದಲ ದಿನ ನನ್ನ ಗೈಡ್ ಆಗುವವರ ಕೋಣೆಯ ಬಾಗಿಲು ತಟ್ಟಿದೆ. ಒಳಗಿದ್ದ ಪ್ರೊಫೆಸರರು ನನ್ನ ಮುಖ ನೋಡಿದ್ದೇ ಕುರ್ಚಿಯಿಂದ ಎದ್ದು, ಕೈಕಟ್ಟಿ ನಿಂತರು.

"ನಮಸ್ಕಾರ ಟೀಚರ್."

ನಿಪ್ಪಾಣಿಯಲ್ಲಿದ್ದಾಗ ನನ್ನ ಬಳಿ ಎಂಟನೆಯ ಇಯತ್ತೆ ಓದಿದ ಹುಡುಗ. ಎರಡನೆಯ ಬೆಂಚು, ಕಿಟಕಿಯ ಪಕ್ಕ. ನಾನು ಕೂತ ಮೇಲೂ ಅವರು ಕೂಡಲಿಲ್ಲ. "ಕೂಡ್ರಿ ಸರ್," ಎಂದೆ. "ನೀವು ನನಗ ಸರ್ ಅನಬ್ಯಾಡ್ರಿ ಟೀಚರ್, ಕೈ ಕಾಲು ನಡಗತಾವು," ಎಂದರು. ನೀನು ಎನ್ನಲು ನನಗೆ ಬಾಯಿ ಬರಲಿಲ್ಲ. ಆರು ವರ್ಷವೂ ನಾನು ಅವರಿಗೆ ಸರ್ ಎಂದೆ, ಅವರು ನನಗೆ ಟೀಚರ್ ಎಂದರು. ನೋಡಿದವರಿಗೆ ಯಾರು ಯಾರ ಹತ್ತಿರ ಓದುತ್ತಿದ್ದಾರೆ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ.

ನನ್ನ ಮೊದಲ ಅಧ್ಯಾಯವನ್ನು ಅವರು ಪೆನ್ಸಿಲಿನಲ್ಲಿ ತಿದ್ದಿದ್ದರು, ಬೇಡವೆನಿಸಿದರೆ ಅಳಿಸಬಹುದಲ್ಲ ಎಂದು. ಪ್ರತಿ ಟಿಪ್ಪಣಿಯ ಕೊನೆಗೆ "ತಪ್ಪು ತಿಳಿಯಬಾರದು" ಎಂದಿತ್ತು. ಮನೆಗೆ ತಂದು ಓದಿದೆ. ಟಿಪ್ಪಣಿಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಕೈಗೆ ಇಪ್ಪತ್ತು ವರ್ಷದ ಚಟ. ನನಗೆ ಗೊತ್ತಾಗುವ ಮೊದಲೇ ಕೆಂಪು ಪೆನ್ನು ಅವರ ಟಿಪ್ಪಣಿಯ ಕೆಳಗೆ ಬರೆದಿತ್ತು: "ದಿನಾಂಕ ಹಾಕಿಲ್ಲ. ಅಂಚು ಬಿಟ್ಟಿಲ್ಲ. ಅಕ್ಷರ ದುಂಡಗಿರಲಿ."

ಕಾಗದ ಹಾಗೆಯೇ ಅವರ ಕೈ ಸೇರಿತು. ಮುಂದಿನ ಶನಿವಾರ ನಾನು ನಾಚಿಕೊಂಡೇ ಹೋದೆ. ಅವರು ಒಂದು ಹಾಳೆ ಮುಂದಿಟ್ಟರು. ಅದೇ ಟಿಪ್ಪಣಿಯನ್ನು ದಿನಾಂಕ ಹಾಕಿ, ಅಂಚು ಬಿಟ್ಟು, ದುಂಡಗೆ ಮತ್ತೆ ಬರೆದಿದ್ದರು. ನಾನು ಮೂಲೆಯಲ್ಲಿ ಸಹಿ ಹಾಕಿಕೊಟ್ಟೆ.

ಅನುಮತಿ

ಪುಸ್ತಕಗಳಲ್ಲಿ ಇದ್ದದ್ದೆಲ್ಲ ಲಿಫ್ಟು, ಗಾಜಿನ ಕೋಣೆಗಳಿರುವ ಕಂಪನಿಗಳು. ಗೈಡ್ ಹೇಳಿದರು: "ಟೀಚರ್, ನಿಮ್ಮ ಹತ್ತಿರದ ಒಂದು ಸಂಘ ಹಿಡೀರಿ. ಅವರ ಮೀಟಿಂಗ್‌ನಾಗ ಕುಂತು, ನಿರ್ಧಾರ ಹೆಂಗ ಆಗತೈತಿ ಅಂತ ನೋಡ್ರಿ. ಅದನ್ನ ಹಿಡದ್ರ ಪಿಎಚ್‌ಡಿ ಆತು. ಅದು ಸಿಗಲಿಲ್ಲಂದ್ರ ಪ್ರಬಂಧನ ಇಲ್ಲ."

ಕಬ್ಬೂರ ರಸ್ತೆಯಲ್ಲಿ ನಮ್ಮ ಶಾಲೆಯ ಆಚೆಗೆ ಒಂದು ಹಾಲು ಉತ್ಪಾದಕರ ಸಂಘವಿದೆ. ಊರವರ ಬಾಯಲ್ಲಿ ಡೇರಿ. ಅಲ್ಲಿಗೆ ಹೋಗಿ ಸೆಕ್ರೆಟರಿಗೆ ಪತ್ರ ಕೊಟ್ಟೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ದನಿ ಇಳಿಸಿದರು.

"ಅಕ್ಕೋರ, ಖರೇ ಹೇಳ್ರಿ. ಯಾರು ಕಂಪ್ಲೇಂಟ್ ಕೊಟ್ಟಾರ?"

"ಯಾರೂ ಕೊಟ್ಟಿಲ್ಲ. ನಾನು ಸುಮ್ಮನೆ ಕೂತು ನೋಡುತ್ತೇನೆ, ಅಷ್ಟೆ."

"ಎಷ್ಟ ದಿನಾ?"

"ಎರಡು ಮೂರು ವರ್ಷ ಆಗಬಹುದು."

"ಸುಮ್ಮ ಕುಂತು ನೋಡಾಕ ಮೂರು ವರ್ಷ? ಅದಕ್ಕ ಡಿಗ್ರಿ ಬ್ಯಾರೆ ಕೊಡ್ತಾರ?" ಸೆಕ್ರೆಟರಿ ಯೋಚಿಸಿದರು. "ಹಂಗಾದ್ರ ನಮ್ಮ ಡೈರೆಕ್ಟರ್ ಒಬ್ಬಾಂವ ಅದಾನ್ರಿ, ಹದಿನೈದು ವರ್ಷ ಆತು. ಅವನ ಹೆಸರೂ ಹಚ್ಚಲಿಕ್ಕೆ ಬರತೈತೇನು ಕೇಳ್ರಿ."

ಅನುಮತಿಗೆ ಕಮಿಟಿಯ ಠರಾವು ಬೇಕು, ಗುರುವಾರ ಮುಂಜಾನೆ ಹನ್ನೊಂದಕ್ಕೆ ಮೀಟಿಂಗಿದೆ, ಬನ್ನಿ ಎಂದರು. ನಾನು ರಜೆ ಹಾಕಿ ಹತ್ತೂ ಐವತ್ತಕ್ಕೆ ಹೋದೆ. ಕೋಣೆಯಲ್ಲಿ ಸೆಕ್ರೆಟರಿ ಒಬ್ಬರೇ ಇದ್ದರು. ಮೇಜಿನ ಮೇಲೆ ಠರಾವಿನ ಪುಸ್ತಕ ತೆರೆದಿತ್ತು. ಅದರಲ್ಲಿ ಅಂದಿನ ದಿನಾಂಕ, ಹನ್ನೊಂದು ಡೈರೆಕ್ಟರರ ಸಹಿ, "ದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ಅನುಮತಿ ನೀಡಲಾಯಿತು" ಎಂಬ ಸಾಲು, ಕೆಳಗೆ "ಸಭೆ 12 ಗಂಟೆ 10 ನಿಮಿಷಕ್ಕೆ ಮುಕ್ತಾಯ".

ನಾನು ಗೋಡೆಯ ಗಡಿಯಾರ ನೋಡಿದೆ. ಹನ್ನೊಂದಕ್ಕೆ ಇನ್ನೂ ಎಂಟು ನಿಮಿಷ.

"ಮೀಟಿಂಗೇ ಇನ್ನೂ ಆಗಿಲ್ಲವಲ್ಲ?"

"ಆಗತೈತ್ರಿ, ಎಲ್ಲಿ ಹೋಗತೈತಿ?" ಎಂದರು ಸೆಕ್ರೆಟರಿ, ಪುಸ್ತಕ ಮುಚ್ಚುತ್ತ. "ಮೀಟಿಂಗ್ ಆದ ಮ್ಯಾಲ ಬರ್ಯಾಕ ಕುಂತ್ರ ಎಲ್ಲಾ ಗಡಬಡ ಆಗತೈತ್ರಿ ಅಕ್ಕೋರ. ಒಬ್ಬಾಂವ ಒಂದ ಹೇಳ್ತಾನ, ಇನ್ನೊಬ್ಬಾಂವ ಇನ್ನೊಂದ ಹೇಳ್ತಾನ."

ಒಪ್ಪುತ್ತೇನೆ, ಒಪ್ಪುವುದಿಲ್ಲ

ಸಂಘದ ಸದಸ್ಯರಿಗೆಂದು ಇಪ್ಪತ್ತು ವಾಕ್ಯಗಳ ಒಂದು ಪ್ರಶ್ನಾವಳಿ ಮಾಡಿದ್ದೆ. ಪ್ರತಿ ವಾಕ್ಯದ ಮುಂದೆ ಐದು ಮನೆ. ಪೂರ್ತಿ ಒಪ್ಪುವುದರಿಂದ ಪೂರ್ತಿ ಒಪ್ಪದಿರುವವರೆಗೆ. ತಮಗೆ ಸರಿ ಎನಿಸಿದ ಮನೆಗೆ ಗುರುತು ಹಾಕಬೇಕು.

ಒಂದು ಓಣಿಯಿಂದ ಇಪ್ಪತ್ತೆರಡು ಪ್ರತಿ ಮರಳಿ ಬಂದವು. ಇಪ್ಪತ್ತೆರಡರಲ್ಲೂ ಗುರುತುಗಳು ಒಂದೇ. ಅಷ್ಟೇ ಅಲ್ಲ, ಏಳನೆಯ ವಾಕ್ಯಕ್ಕೆ ಮೊದಲು ಒಂದು ಮನೆಗೆ ಗುರುತು ಹಾಕಿ, ಅದನ್ನು ಹೊಡೆದುಹಾಕಿ, ಪಕ್ಕದ ಮನೆಗೆ ಹಾಕಿದ್ದೂ ಇಪ್ಪತ್ತೆರಡರಲ್ಲೂ ಇತ್ತು. ಪರೀಕ್ಷೆಯ ಪೇಪರು ತಿದ್ದಿದ ಕಣ್ಣಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆ ಓಣಿಗೆ ಹೋಗಿ, ಎಮ್ಮೆ ತೊಳೆಯುತ್ತಿದ್ದ ಒಬ್ಬ ಹಿರಿಯಳನ್ನು ಕೇಳಿದೆ: "ಆಯಿ, ನಿಮ್ಮ ನಿಮ್ಮ ಅಭಿಪ್ರಾಯ ಬರೆಯಿರಿ ಎಂದಿದ್ದೆನಲ್ಲ?"

"ಬರದೀವಲ್ಲವ್ವಾ. ಒಂದ ಓಣ್ಯಾಗ ಇರಾವ್ರು ನಾವು. ಬ್ಯಾರೆ ಬ್ಯಾರೆ ಬರದ್ರ ಜಗಳಾಡ್ಯಾರ ಅಂತ ತಿಳಕೊಳ್ಳಂಗಿಲ್ಲೇನು ನೋಡಿದಾವ್ರು?"

ಹೊಸ ಪ್ರತಿಯೊಂದನ್ನು ತೆಗೆದು, ಈ ಸಲ ನೀವೊಬ್ಬರೇ ಹೇಳಿ, ನಾನು ಗುರುತು ಹಾಕುತ್ತೇನೆ ಎಂದೆ. ಮೊದಲ ವಾಕ್ಯ ಓದಿದೆ: "ಸಂಘದಲ್ಲಿ ನನ್ನ ಮಾತಿಗೆ ಬೆಲೆ ಇದೆ."

ಆಕೆ ಕೈ ಒರೆಸಿಕೊಂಡು ನನ್ನ ಬೋಳು ಹಣೆಯನ್ನೊಮ್ಮೆ ನೋಡಿದಳು. ದನಿ ಮೆತ್ತಗಾಯಿತು.

"ಯಾವದಕ್ಕ ಹಾಕಿದ್ರ ನಿನಗ ಮಾರ್ಕ್ಸ್ ಬೀಳತಾವ, ಅದಕ್ಕ ಹಾಕ್ಕೋ ನನ್ನವ್ವ."

ಗಿರಣಿ

ಎರಡು ವರ್ಷ ನಾನು ಡೇರಿಯ ಮೀಟಿಂಗುಗಳಲ್ಲಿ ಕೂತೆ. ಚೇರಮನ್ನರು ಇಸ್ತ್ರಿ ಅಂಗಿ ಹಾಕಿ ಬರುತ್ತಿದ್ದರು. ಚಹಾ ಬರುತ್ತಿತ್ತು. ನಾನು ನೋಟ್‌ಬುಕ್ ತೆರೆದರೆ ಹನ್ನೊಂದೂ ಬಾಯಿ ಮುಚ್ಚುತ್ತಿದ್ದವು. ಸೆಕ್ರೆಟರಿ ಓದುತ್ತಿದ್ದರು, ಎಲ್ಲರೂ ತಲೆಯಾಡಿಸುತ್ತಿದ್ದರು, ಮುಗಿಯಿತು. ಹಾಲು ಹಾಕಿಸಿಕೊಳ್ಳುವ ಹೊತ್ತು ಮುಂಜಾನೆ ಆರೂವರೆಯಿಂದ ಐದೂವರೆಗೆ ಬಂದ ದಿನವೂ ಒಂದು ಮಾತಿಲ್ಲ. ಇಡೀ ಊರು ಒಂದು ತಾಸು ಮೊದಲು ಏಳಬೇಕಾದ ಸಂಗತಿ! ಇದು ಎಲ್ಲಿ ತೀರ್ಮಾನವಾಯಿತು?

ಗೈಡ್ ಕ್ಯಾಲೆಂಡರ್ ನೋಡಿ, "ಟೀಚರ್, ಎರಡು ವರ್ಷ ಉಳಿದಾವು," ಎಂದರು.

ಕೊನೆಗೆ ಪತ್ತೆಯಾಯಿತು. ಡೈರೆಕ್ಟರುಗಳೆಲ್ಲ ರವಿವಾರ ಮುಂಜಾನೆ ಕಟಿಂಗ್ ಅಂಗಡಿಯಲ್ಲಿ ಸೇರುತ್ತಾರೆ. ಒಬ್ಬರು ಕುರ್ಚಿಯಲ್ಲಿ, ಉಳಿದವರು ಬೆಂಚಿನ ಮೇಲೆ. ಸಂಘದ ವಿಷಯವೆಲ್ಲ ಇತ್ಯರ್ಥವಾಗುವುದು ಅಲ್ಲಿ. ಸಂತೋಷವಾಯಿತು, ಆದರೆ ಅರೆಕ್ಷಣ ಮಾತ್ರ. ಗಂಡಸರ ಕಟಿಂಗ್ ಅಂಗಡಿಯಲ್ಲಿ ನೋಟ್‌ಬುಕ್ ಹಿಡಿದು ನಾನು ಎಲ್ಲಿ ಕೂಡಲಿ?

ಅಂಗಡಿಗೆ ಅಂಟಿಕೊಂಡು ಒಂದು ಹಿಟ್ಟಿನ ಗಿರಣಿ ಇತ್ತು. ನಡುವೆ ಒಂದೇ ಗೋಡೆ. ಮೇಲೆ ತಗಡಿನವರೆಗೆ ಮುಟ್ಟದ ಗೋಡೆ. ಮುಂದಿನ ರವಿವಾರ ಐದು ಕಿಲೋ ಜೋಳ ಹೊತ್ತುಕೊಂಡು ಹೋದೆ. ಅದರ ಮುಂದಿನ ರವಿವಾರವೂ ಐದು ಕಿಲೋ. ಆರನೆಯ ವಾರ ಗಿರಣಿಯವರು ತಡೆಯಲಾರದೆ ಕೇಳಿದರು.

"ಅಕ್ಕೋರ, ಮನಿಗೆ ಯಾರರ ಬಂದಾರೇನ್ರಿ?"

"ಇಲ್ಲ, ನಾನೊಬ್ಬಳೇ."

ಅವರು ಚೀಲ ನೋಡಿದರು, ನನ್ನನ್ನು ನೋಡಿದರು, ಗೋಡೆಗೆ ತಾಗಿಸಿದ ನನ್ನ ಸ್ಟೂಲು ನೋಡಿದರು. ಹೋಗಿ ಗಿರಣಿ ಬಂದ್ ಮಾಡಿದರು.

"ಮೊದಲ ಬರಕೊಳ್ರಿ. ಆಮ್ಯಾಲ ಬೀಸತೀನಿ."

ಅಂದಿನಿಂದ ಗೋಡೆಯಾಚೆಯ ದನಿ ಯಾರದೆಂದು ತಿಳಿಯದಾಗಲೆಲ್ಲ ಅವರೇ ಪಿಸುಗುಟ್ಟುತ್ತಿದ್ದರು: "ಇಂವ ವೈಸ್ ಚೇರಮನ್. ಈಗ ಕೆಮ್ಮಿದಾಂವ ಸೆಕ್ರೆಟರಿ." ಪುಟಗಳು ತುಂಬಿದವು. ನಮ್ಮ ಶಾಲೆಯ ಸಹೋದ್ಯೋಗಿಗಳೆಲ್ಲರ ಮನೆಯಲ್ಲೂ ಜೋಳದ ಹಿಟ್ಟು ತುಂಬಿತು.

ಆದರೆ ಕದ್ದು ಕೇಳಿದ್ದನ್ನು ಪ್ರಬಂಧದಲ್ಲಿ ಬರೆಯುವಂತಿಲ್ಲ, ಒಪ್ಪಿಗೆ ಬೇಕೇಬೇಕು. ವರ್ಷದ ಕೊನೆಗೆ ಧೈರ್ಯ ಮಾಡಿ ಮೀಟಿಂಗಿನಲ್ಲಿ ಎದ್ದುನಿಂತು ಎಲ್ಲ ಒಪ್ಪಿಕೊಂಡೆ. ನೀವು ಬೇಡವೆಂದರೆ ಹರಿದುಹಾಕುತ್ತೇನೆ ಎಂದೂ ಹೇಳಿದೆ. ಹನ್ನೊಂದು ಜನ ಮುಖ ಮುಖ ನೋಡಿಕೊಂಡರು.

"ಗೊತ್ತೈತಲ್ರಿ ಅಕ್ಕೋರ," ಎಂದರು ವೈಸ್ ಚೇರಮನ್ನರು. "ನಿಮಗ ಸರಿಯಾಗಿ ಕೇಳಲಿ ಅಂತನ ನಾವು ಒಂದ ವರ್ಷದಿಂದ ಒದರಾಕತ್ತೀವಿ. ನನ್ನ ಗಂಟ್ಲಾ ಹೋತು!"

ವೈವಾ

ಆರನೆಯ ವರ್ಷದ ಕೊನೆಯ ತಿಂಗಳಲ್ಲಿ ವೈವಾ, ಅಂದರೆ ಬಾಯಿ ಪರೀಕ್ಷೆ ಬಂತು. ಇದು ಎಲ್ಲರೆದುರೇ ನಡೆಯುತ್ತದೆ; ಸಂಬಂಧಪಟ್ಟವರಿಗೆ ತಿಳಿಸಬೇಕು ಎಂದು ನಿಯಮದಲ್ಲಿದೆ. ನಿಯಮವಿದೆಯಲ್ಲ ಎಂದು ನಾನು ಡೇರಿಯ ಬೋರ್ಡಿಗೂ ಒಂದು ನೋಟೀಸು ಅಂಟಿಸಿದೆ. ಬೆಳಗಾವಿಯವರೆಗೆ ಯಾರು ಬರುತ್ತಾರೆ?

ಹನ್ನೊಂದೂ ಡೈರೆಕ್ಟರು, ಸೆಕ್ರೆಟರಿ, ಗಿರಣಿಯವರು ಬಾಡಿಗೆಗೆ ಕ್ರೂಸರ್ ಗಾಡಿ ಮಾಡಿಕೊಂಡು ಬಂದಿದ್ದರು. ಎಲ್ಲರಿಗೂ ಬಿಳಿ ಟೋಪಿ. ಹಿಂದಿನ ಎರಡು ಸಾಲು ತುಂಬಿದವು.

ಪುಣೆಯಿಂದ ಬಂದ ಪರೀಕ್ಷಕರು ಹಿರಿಯರು, ಖಡಕ್ ಮನುಷ್ಯ. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು: "ಇಂಥ ಸಂಘದ ನಿರ್ಧಾರಗಳು ಮೀಟಿಂಗಿನ ಒಳಗೆ ಆಗುವುದೇ ಇಲ್ಲ ಎಂದು ಬರೆದಿದ್ದೀರಿ. ಆದರೆ ನೀವು ಗೋಡೆಯಾಚೆಯಿಂದ ಕಿವಿಯಲ್ಲಿ ಕೇಳಿದ್ದು ಮಾತ್ರ. ನಿರ್ಧಾರ ಹೊರಗೆ ಆದದ್ದನ್ನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳಿ. ಇಲ್ಲದಿದ್ದರೆ ಈ ಅಧ್ಯಾಯವನ್ನು ಮತ್ತೆ ಬರೆಯಬೇಕಾಗುತ್ತದೆ."

ಮತ್ತೆ ಬರೆಯಲು ನನ್ನ ಬಳಿ ವರ್ಷ ಉಳಿದಿರಲಿಲ್ಲ. ಮೊದಲೇ ಬರೆದಿಟ್ಟ ಠರಾವನ್ನು ಕಂಡಿದ್ದೆ, ನಿರ್ಧಾರ ಆಗುವುದನ್ನು ಕಣ್ಣಾರೆ ಕಂಡಿರಲಿಲ್ಲ. ಇದ್ದದ್ದನ್ನು ಇದ್ದಂತೆ "ಇಲ್ಲ" ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಗೈಡ್, ಊರಿನಿಂದ ಬಂದವರಿಗೆ ತಿಳಿಯಲಿ ಎಂಬ ಮರ್ಯಾದೆಗೆ, ಪ್ರಶ್ನೆಯನ್ನು ಹಿಂದಿನ ಸಾಲಿನವರಿಗೆ ಕನ್ನಡದಲ್ಲಿ ಹೇಳಿಬಿಟ್ಟರು.

ಚೇರಮನ್ನರು ಎದ್ದುನಿಂತರು. ಪುಣೆಯವರೆಂದು ಮರಾಠಿಯಲ್ಲೇ ಶುರು ಮಾಡಿದರು: "ಸಾಹೇಬ, ಹೇ ಖೋಟಂ ಆಹೇ! ಅಕ್ಕೋರು ಬರದಿದ್ದು ಸುಳ್ಳ ಐತ್ರಿ. ನಮ್ಮ ಸಂಘದಾಗ ಎಲ್ಲಾ ಮೀಟಿಂಗ್‌ನಾಗ ಆಗತೈತಿ!"

ಇಷ್ಟು ವರ್ಷ ನಾನು ಅಧ್ಯಯನ ಮಾಡಿದ ಸಂಘವೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

"ಯಾವಾಗ ಆಗೇತೋ ಮಾರಾಯಾ?" ವೈಸ್ ಚೇರಮನ್ನರು ಅವರ ಅಂಗಿ ಜಗ್ಗಿದರು. "ಅಕ್ಕೋರ ಡಿಗ್ರಿ ಹಾಳ ಮಾಡ್ತಿಯೇನು? ಕೂಡ್ರು!"

"ಸಂಘದ ಮರ್ಯಾದಿ ಪ್ರಶ್ನೆ ಐತಿ!"

ಗದ್ದಲ ಏರಿತು. ಸೆಕ್ರೆಟರಿ ಪರೀಕ್ಷಕರಿಗೆ ಕೈಮುಗಿದು, "ಒಂದ ಐದ ಮಿನಿಟ್ ರೀ," ಎಂದು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದರು. ಕಿಟಕಿಯಿಂದ ನಮಗೆಲ್ಲ ಕಾಣುತ್ತಿತ್ತು. ಬೇವಿನ ಮರದ ಕೆಳಗೆ ಕ್ರೂಸರಿಗೆ ಒರಗಿ ಟೋಪಿಗಳು ಗುಂಪಾದವು. ಕೈಗಳು ಮೇಲೆ ಹೋದವು, ಕೆಳಗೆ ಬಂದವು. ಒಬ್ಬರು ಸಿಟ್ಟಾಗಿ ನಡೆದರು, ಇಬ್ಬರು ಕರೆತಂದರು. ಯಾರೋ ಎಲೆ ಅಡಿಕೆ ತೆಗೆದರು. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, ಕಿಟಕಿಯ ಹತ್ತಿರ ಹೋಗಿ ನಿಂತು ನೋಡಿದರು.

ಕಾಲು ತಾಸಿನ ಮೇಲೆ ಸಾಲಾಗಿ ಒಳಗೆ ಬಂದು ಕೂತರು. ಒಂದು ಪಿಸುಮಾತಿಲ್ಲ. ಚೇರಮನ್ನರು ಕಾಗದ ಬಿಚ್ಚಿ ಗಂಭೀರವಾಗಿ ಓದಿದರು: "ಸಂಘದ ನಿರ್ಧಾರಗಳು ಮೀಟಿಂಗಿನ ಒಳಗೇ ಆಗುತ್ತವೆಯೆಂದು, ಅಕ್ಕೋರು ಬರೆದದ್ದು ತಪ್ಪೆಂದು, ದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ಠರಾಯಿಸಲಾಗಿದೆ."

ಹನ್ನೊಂದೂ ತಲೆ ಆಡಿದವು. ವೈಸ್ ಚೇರಮನ್ನರದೂ.

ಪರೀಕ್ಷಕರು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು: "ಚರ್ಚೆಯನ್ನು ಇಲ್ಲೇ ಮಾಡಬಹುದಿತ್ತಲ್ಲ, ಹೊರಗೆ ಯಾಕೆ ಹೋದಿರಿ?"

ಚೇರಮನ್ನರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಮರಾಠಿ ಮರೆತು ಹೇಳಿದರು:

"ಒಳಗ ಹೆಂಗ ಮಾತಾಡೂದ್ರಿ ಸಾಹೇಬ್ರ? ಇಲ್ಲಿ ಮೀಟಿಂಗ್ ನಡದೈತಿ!"

ಪರೀಕ್ಷಕರು ಬಹಳ ಹೊತ್ತು ನಗಲಿಲ್ಲ. ಆಮೇಲೆ ನಕ್ಕದ್ದು ನಿಲ್ಲಲಿಲ್ಲ. ಕಣ್ಣೊರೆಸಿಕೊಂಡು, "ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು, ಕಣ್ಣಾರೆ ಕಂಡೆ," ಎಂದು ಹೇಳಿ, ಪದವಿಗೆ ಶಿಫಾರಸು ಬರೆದರು. ನನ್ನ ಗೈಡ್ ಎಲ್ಲರೆದುರು ಬಗ್ಗಿ ನನ್ನ ಕಾಲು ಮುಟ್ಟಿದರು.

ಹೊರಗೆ ಕ್ರೂಸರಿನ ಹತ್ತಿರ ಚೇರಮನ್ನರು ಪೇಡೆಯ ಪೊಟ್ಟಣ ಹಿಡಿದು ಕಾಯುತ್ತಿದ್ದರು. ಮುಖದಲ್ಲಿ ಖರೆಯಾದ ಸಂತೋಷ.

"ನಮ್ಮೆಲ್ಲಾರದು ಅಷ್ಟ ಗಟ್ಟಿ ವಿರೋಧ ಇದ್ದಾಗೂ ಪಾಸ್ ಆದ್ರಿ ಅಂದ್ರ," ಎಂದರು, "ನೀವು ಭಾಳ ಶಾಣ್ಯಾರ ಬಿಡ್ರಿ ಅಕ್ಕೋರ!"