ಮೂಗು ನೀರಾವರಿ, ಗಲ್ಲ ಖುಷ್ಕಿ

ನಮ್ಮ ಸಣ್ಣವ್ವನ ಚರ್ಮರಕ್ಷಣೆಯ ಪರಿಣಾಮಗಳನ್ನು ಅನುಭವಿಸಿದವರು ನಾವು, ಆಕೆಯಲ್ಲ. ಇದನ್ನು ಆರಂಭದಲ್ಲಿಯೇ ದಾಖಲಿಸುವುದು ನನ್ನ ಕರ್ತವ್ಯ. ಮಸ್ಕಿಯ ಆಕೆಯ ಮನೆಗೆ ಹೋದ ಯಾವ ನೆಂಟರೂ ತಮ್ಮ ಮುಖವನ್ನು ತಮ್ಮಿಷ್ಟದಂತೆ ತೊಳೆದುಕೊಂಡು ಹೊರಬಂದ ಉದಾಹರಣೆಯಿಲ್ಲ. ಸಂವಿಧಾನ ನಮಗೆ ಕೊಟ್ಟಿರುವ ವ್ಯಕ್ತಿಸ್ವಾತಂತ್ರ್ಯವು ಆಕೆಯ ಬಚ್ಚಲಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿರುತ್ತದೆ! ಬಟ್ಟೆ ಒಗೆಯುವ ಸಾಬೂನಿನಿಂದ ಮುಖ ಉಜ್ಜಿಕೊಂಡ ಬೀಗರೊಬ್ಬರಿಗೆ ಊಟಕ್ಕೆ ಮೊದಲು ಆಕೆ ನೀಡಿದ ಉಪನ್ಯಾಸ ಅವರ ಮುಂದಿನ ಭೇಟಿಯನ್ನು ಅನಿರ್ದಿಷ್ಟ ಕಾಲ ಮುಂದೂಡಿತು.

ಸಣ್ಣವ್ವ ಎಂದರೆ ನಮ್ಮ ತಾಯಿಯ ಕೊನೆಯ ತಂಗಿ. ಆಕೆಯ ಗಂಡನನ್ನು ನಾವು ಕಾಕಾ ಎನ್ನುತ್ತೇವೆ. ಅವರದು ಬೀಜ-ಗೊಬ್ಬರದ ಅಂಗಡಿ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ಅವರು ರೈತರಿಗೆ ಹೇಳುವುದನ್ನು ವರ್ಷಗಟ್ಟಲೆ ಒಳಮನೆಯಿಂದ ಕೇಳಿಸಿಕೊಂಡ ಸಣ್ಣವ್ವ, ಒಂದು ಶುಭದಿನ ಆ ತತ್ವವನ್ನು ಮನುಷ್ಯರ ಮುಖಕ್ಕೆ ಅನ್ವಯಿಸಿದಳು.

ಪರೀಕ್ಷೆಯ ಕ್ರಮ ಹೀಗೆ. ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ತಾಸು ಸುಮ್ಮನೆ ಕೂರಬೇಕು. ಆಮೇಲೆ ಆಕೆ ತೆಳು ಕಾಗದದ ಚೂರುಗಳನ್ನು ಹಣೆ, ಮೂಗು, ಗಲ್ಲಗಳಿಗೆ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಎಣ್ಣೆ ಮೂಡಿದ್ದರೆ ಆ ಭಾಗಕ್ಕೆ ಹತ್ತಿರದ ಊರಾದ ತುರ್ವಿಹಾಳದ ಹೆಸರು: ಕಾಲುವೆ ನೀರಿನ ನೆಲ, ಬೇಡವೆಂದರೂ ಜಿನುಗುತ್ತದೆ. ಮೂಡದಿದ್ದರೆ ಅದು ಸಂತೆಕಲ್ಲೂರು: ಜೋಳ ಬೆಳೆಯುವ ಖುಷ್ಕಿ, ಮಳೆಯನ್ನೇ ನಂಬಿದ ಒಣನೆಲ, ಇದ್ದ ತೇವವನ್ನು ಹಿಡಿದಿಡಬೇಕು. ನನ್ನ ಮುಖವನ್ನು ಪರಿಶೀಲಿಸಿ ಆಕೆ ತೀರ್ಪು ಕೊಟ್ಟಳು.

"ಮೂಗು ತುರ್ವಿಹಾಳ, ಗಲ್ಲ ಸಂತೆಕಲ್ಲೂರು. ಎರಡೂ ನೆಲಕ್ಕ ಒಂದಾ ಗೊಬ್ಬರ ಹಾಕಿದ್ರ ಹೆಂಗಬೇ?"

ನಾನು ಮಹಿಳಾ ಸಂಘಟನೆಯೊಂದರಲ್ಲಿ ದುಡಿಯುವವಳು. ಇಂಥ ತೀರ್ಪನ್ನು ಮರುಮಾತಿಲ್ಲದೆ ಒಪ್ಪಿಕೊಳ್ಳಲಾದೀತೆ? ಹೆಣ್ಣಿಗೆ ಅವಳ ಮುಖದ ಮೇಲೆಯೇ ಅಸಮಾಧಾನ ಹುಟ್ಟಿಸಿ, ಆ ಅಸಮಾಧಾನಕ್ಕೆ ಮದ್ದು ಮಾರುವ ಮಾರುಕಟ್ಟೆಯ ಬಗ್ಗೆ, ಬಿಳುಪನ್ನೇ ಚೆಲುವೆಂದು ಸಾರುವ ಜಾಹೀರಾತುಗಳ ಬಗ್ಗೆ, ಇಡೀ ದಿನ ಬಿಸಿಲಲ್ಲಿ ನಾಟಿ ಮಾಡುವ ಕೂಲಿ ಹೆಂಗಸರ ಚರ್ಮದ ಕುರಿತು ಯಾರಿಗೂ ಕಾಳಜಿಯಿಲ್ಲದಿರುವ ಬಗ್ಗೆ ನಾನು ದೀರ್ಘವಾಗಿ ಮಾತನಾಡಿದೆ. ಸಣ್ಣವ್ವ ಸನ್‌ಸ್ಕ್ರೀನಿನ ಟ್ಯೂಬು ಹಿಡಿದುಕೊಂಡೇ ಗೌರವದಿಂದ ಪೂರ್ತಿ ಕೇಳಿದಳು.

"ಮುಗೀತನು? ಹಂಗಾದ್ರ ಹಣಿಗೂ ಒಂದೀಟು ಹಚ್ಚಿಕೋ. ನಾಳಿನ ನಿಮ್ಮ ಮೆರವಣಿಗಿ ಬಿಸಲಾಗೇ ಐತಿ."

ನಿಜ ಹೇಳಬೇಕೆಂದರೆ, ನನ್ನ ಟೀಕೆಯ ಅರ್ಧದಷ್ಟು ಆಕೆಗೆ ತಗುಲುತ್ತಲೇ ಇರಲಿಲ್ಲ. ಬೆಳ್ಳಗಾಗಿಸುವ ಯಾವ ಸಾಮಗ್ರಿಗೂ ಆಕೆಯ ಕಪಾಟಿನಲ್ಲಿ ಪ್ರವೇಶವಿಲ್ಲ. ಬೆಳಿಗ್ಗೆ ಸೌಮ್ಯವಾದ ಫೇಸ್‌ವಾಶ್, ನೆಲಕ್ಕೆ ತಕ್ಕಂತೆ ತೇವದ ಕ್ರೀಮು, ಹೊರಡುವ ಮುನ್ನ ಸನ್‌ಸ್ಕ್ರೀನ್. ಮಲಗುವ ಮುನ್ನ ಮತ್ತೆ ತೊಳೆದು ತೇವದ ಕ್ರೀಮು. ಅಷ್ಟೇ. ಮೊಡವೆಗೆ ಹಲ್ಲುಜ್ಜುವ ಪೇಸ್ಟು ಬಳಿಯುವುದು ಆಕೆಯ ದೃಷ್ಟಿಯಲ್ಲಿ ಅಪರಾಧ. ನಿಂಬೆಹಣ್ಣು ಉಜ್ಜುವುದು ಘೋರ ಅಪರಾಧ. ಪಕ್ಕದ ಮನೆಯ ಸೊಸೆಯ ಕೈಯಿಂದ ನಿಂಬೆಯ ಹೋಳನ್ನು ಕಿತ್ತುಕೊಂಡು ತನ್ನ ಮನೆಯ ಚಿತ್ರಾನ್ನಕ್ಕೆ ಹಿಂಡಿದ ಧೀರೆ ಆಕೆ!

ಆಕೆಯ ಶಾಸ್ತ್ರಕ್ಕೆ ನಿಜವಾದ ಬಿಕ್ಕಟ್ಟು ಎದುರಾದದ್ದು ಕಾಕಾನ ಹಣೆಯಲ್ಲಿ. ಅವರು ಸ್ನಾನ, ಪೂಜೆ ಮುಗಿಸಿ ಮೂರು ಬೆರಳಿನ ವಿಭೂತಿ ಧರಿಸದೆ ಅಂಗಡಿಯ ಬಾಗಿಲು ತೆಗೆಯುವವರಲ್ಲ. ಸಣ್ಣವ್ವ ಮೊದಲ ದಿನ ಆ ವಿಭೂತಿಯ ಮೇಲೆಯೇ ಸನ್‌ಸ್ಕ್ರೀನ್ ಸವರಿದಳು. ಮೂರು ಗೆರೆಗಳು ಕೂಡಿ ಒಂದೇ ಬಿಳಿ ಪಟ್ಟಾದವು. ಅಂದು ಅಂಗಡಿಗೆ ಬಂದ ರೈತರೆಲ್ಲ ತಲೆನೋವು ಯಾವಾಗಿನಿಂದ ಎಂದು ವಿಚಾರಿಸಿದರಂತೆ. ಮರುದಿನ ಆಕೆ ಕ್ರಮವನ್ನು ತಿದ್ದಿದಳು: ಮೊದಲು ಸನ್‌ಸ್ಕ್ರೀನ್, ಅದು ಆರಿದ ಮೇಲೆ ವಿಭೂತಿ. ಕಾಕಾ ಧರ್ಮಸೂಕ್ಷ್ಮವನ್ನು ಎತ್ತಿದರು.

"ದೇವರ ವಿಭೂತಿಗಿಂತ ಮೊದಲು ಇದನ್ನ ಹಚ್ಚಿಕೋಬೇಕೇನ?"

"ದೇವರು ಗುಡಿಯಾಗ ನೆರಳಿಗೆ ಕುಂತಾನ್ರಿ. ಬಿಸಲಾಗ ತಿರಗೋರು ನೀವು."

ಅಂದಿನಿಂದ ಕಾಕಾ ಪ್ರತಿದಿನ ಹಣೆ ಆರುವವರೆಗೆ ಪಂಖದ ಕೆಳಗೆ ಕಣ್ಣು ಮುಚ್ಚಿ ಕೂರುತ್ತಾರೆ. ನೋಡಿದವರು ಧ್ಯಾನವೆಂದುಕೊಂಡು ಅವರ ಮೇಲೆ ಹೆಚ್ಚಿನ ಭಕ್ತಿ ಇಟ್ಟಿದ್ದಾರೆ.

ಇಷ್ಟು ನಗೆಯ ನಡುವೆ ನನ್ನ ತಂಗಿಯ ಸಂಗತಿ ಬರುತ್ತದೆ. ಅವಳು ಲಿಂಗಸುಗೂರಿನ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಸಹೋದ್ಯೋಗಿಯ ಮಾತು ಕೇಳಿ, ಔಷಧಿ ಅಂಗಡಿಯಿಂದ ಒಂದು ಮುಲಾಮು ತಂದು ನಮಗಾರಿಗೂ ಹೇಳದೆ ಹಚ್ಚತೊಡಗಿದಳು. ಅಂಗಡಿಯವನು ವೈದ್ಯರ ಚೀಟಿ ಕೇಳಲಿಲ್ಲ: ಮೊದಲ ತಪ್ಪು ಅವನದು. ಮುಖ ಬೆಳ್ಳಗಾಯಿತು, ಬಂಧುಬಳಗ ಮೆಚ್ಚಿತು: ಎರಡನೆಯ ತಪ್ಪು ಬಂಧುಬಳಗದ್ದು. ಕೆಲವೇ ತಿಂಗಳಲ್ಲಿ ಗಲ್ಲಗಳು ಕೆಂಪಗೆ ಊದಿಕೊಂಡವು, ಗುಳ್ಳೆಗಳೆದ್ದವು, ಬಸ್ಸಿನ ಕಿಟಕಿಯ ಗಾಳಿ ತಗುಲಿದರೂ ಉರಿಯತೊಡಗಿತು. ಸಣ್ಣವ್ವ ಅವಳನ್ನು ಸಿಂಧನೂರಿನ ಚರ್ಮವೈದ್ಯೆಯ ಬಳಿ ಕರೆದೊಯ್ದಳು. ಮುಲಾಮಿನಲ್ಲಿ ಸ್ಟಿರಾಯ್ಡ್ ಇತ್ತು. ವೈದ್ಯೆ ಅದನ್ನು ಬಿಡಿಸುವ ಕ್ರಮ ಹೇಳಿ, ಮುಂದೆ ಸೌಮ್ಯವಾಗಿ ತೊಳೆಯುವುದು, ತೇವ ಕಾಯುವುದು, ಬಿಸಿಲು ತಡೆಯುವುದು, ಇಷ್ಟೇ ಸಾಕು ಎಂದರು. ಬಿಟ್ಟ ಹೊಸದರಲ್ಲಿ ಕೆಂಪು ಹೆಚ್ಚೀತು, ಹೆದರಿ ಮತ್ತೆ ಹಚ್ಚಿದರೆ ಮೊದಲಿಗಿಂತ ಹದಗೆಟ್ಟೀತು ಎಂದೂ ಎಚ್ಚರಿಸಿದರು.

ಮುಖ ಅತಿ ಕೆಂಪಾಗಿದ್ದ ವಾರದಲ್ಲಿಯೇ ಸಿಂಧನೂರಿನಿಂದ ಗಂಡಿನ ಕಡೆಯವರು ನೋಡಲು ಬರುತ್ತೇವೆಂದರು. ಕನ್ಯೆ ತೋರಿಸುವುದು ಮಸ್ಕಿಯ ಸಣ್ಣವ್ವನ ಮನೆಯಲ್ಲಿ ಎಂದಾಯಿತು. ಹಿಂದಿನ ದಿನ ಮಧ್ಯಾಹ್ನ ತಂಗಿ ತನ್ನ ಕೈಚೀಲದಿಂದ ಆ ಮುಲಾಮಿನ ಟ್ಯೂಬು ಹೊರತೆಗೆದಳು.

"ಒಂದಾ ದಿನ ಹಚ್ಚಿಕೋತೀನಿ ಸಣ್ಣವ್ವ. ಅವರು ನೋಡಿ ಹೋಗ್ಲಿ, ಮತ್ತ ಬಿಟ್ಟುಬಿಡ್ತೀನಿ."

ನಮ್ಮ ಜೊತೆ ಬಂದಿದ್ದ ಅವ್ವ ನೆಲ ನೋಡಿದಳು. ಹಚ್ಚಿಕೊಂಡರೇನು ಎಂದು ಅವಳಿಗೂ ಅನ್ನಿಸಿತ್ತು. ವಧುಪರೀಕ್ಷೆಯೆಂಬ ಅವಮಾನದ ಬಗ್ಗೆ ಹೇಳಲು ನಾನು ಬಾಯಿ ತೆರೆದೆ. ತಂಗಿ ತಡೆದಳು.

"ಅಕ್ಕಾ, ನಿನ್ನ ಮಾತು ಖರೇ ಐತಿ. ಆದ್ರ ನಾಳೆ ಅವರ ಮುಂದ ಕೂಡಾಕಿ ನಾನು."

ಸಣ್ಣವ್ವ ಎದ್ದು ಬಚ್ಚಲಿಗೆ ಹೋದಳು. ಬಹಳ ಹೊತ್ತು ನೀರಿನ ಸದ್ದಾಯಿತು. ಸೆರಗಿನಿಂದ ಮುಖ ಒತ್ತಿಕೊಳ್ಳುತ್ತ ಹೊರಬಂದಾಗ ನಾವು ಆಕೆಯನ್ನು ಮೊದಲ ಬಾರಿಗೆ ನೋಡಿದೆವು. ಎರಡೂ ಗಲ್ಲಗಳ ಮೇಲೆ, ಮೂಗಿನ ದಂಡೆಯ ಮೇಲೆ ದಟ್ಟ ಕಂದು ಬಂಗು ಹರಡಿತ್ತು. ಎಲ್ಲರಿಗಿಂತ ಮೊದಲೆದ್ದು, ಬಣ್ಣದ ಕ್ರೀಮಿನಿಂದ ಅದನ್ನು ಮುಚ್ಚಿಕೊಂಡ ಮೇಲೆಯೇ ಆಕೆ ನಮ್ಮೆದುರು ಬರುತ್ತಿದ್ದಳೆಂಬುದು ಆಗ ತಿಳಿಯಿತು.

"ಲಗ್ನಕ್ಕಿಂತ ಮುಂಚೆ ನನಗೂ ಯಾರೋ ಬೆಳ್ಳಗಾಗಾಕ ಒಂದು ಮುಲಾಮು ಕೊಟ್ಟಿದ್ರು. ಆವಾಗಿಂದ ಈ ಮುಖ ನಿಮ್ಮ ಕಾಕಾ ಒಬ್ಬರಾ ನೋಡ್ಯಾರ" ಎಂದಳು. ತಂಗಿಯ ಕೈಯಲ್ಲಿದ್ದ ಟ್ಯೂಬನ್ನು ಕಸಿದುಕೊಳ್ಳಲಿಲ್ಲ. "ನಾಳೆ ನಾನೂ ಹಿಂಗಾ ಕೂಡ್ತೀನಿ, ನಿನ್ನ ಬಾಜೂಕ."

ತಂಗಿ ಟ್ಯೂಬನ್ನು ತಾನೇ ಕಸದ ಬುಟ್ಟಿಗೆ ಹಾಕಿದಳು.

ಮರುದಿನ ಇಬ್ಬರೂ ಬರಿಯ ಮುಖದಲ್ಲಿ ಕುಳಿತರು. ಗಂಡಿನ ತಾಯಿ ತಂಗಿಯನ್ನು ನೋಡಿದರು, ಸಣ್ಣವ್ವನನ್ನು ನೋಡಿದರು, ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು.

"ನಿಮ್ಮ ಮನಿತನದಾಗ ಎಲ್ಲಾರದೂ ಹಿಂಗಾ ಏನ್ರಿ?"

"ಹೌದ್ರಿ" ಎಂದಳು ಸಣ್ಣವ್ವ. "ನಮ್ಮ ಮನಿಯಾಗ ಎಲ್ಲಾರದೂ ಸ್ವಂತ ಮುಖಾನಾ."

ತಂಗಿ ನಕ್ಕಳು. ಎಷ್ಟೋ ತಿಂಗಳುಗಳ ಮೇಲೆ ನಕ್ಕಳು. ಊದಿದ ಗಲ್ಲ ಎಳೆದು ನೋವಾದರೂ ನಕ್ಕಳು.

ಸಿಂಧನೂರಿನಿಂದ ಇಂದಿಗೂ ಉತ್ತರ ಬಂದಿಲ್ಲ. ಅದನ್ನು ನಮ್ಮ ಮನೆಯಲ್ಲಿ ನಷ್ಟವೆಂದು ಯಾರೂ ಭಾವಿಸಿಲ್ಲ. ರಜೆ ಇದ್ದಾಗಲೆಲ್ಲ ತಂಗಿ ಮಸ್ಕಿಗೆ ಹೋಗುತ್ತಾಳೆ. ಸಣ್ಣವ್ವ ಅವಳ ಮುಖವನ್ನು ಬೆಳಕಿಗೆ ತಿರುಗಿಸಿ, ಬೆರಳ ತುದಿಯಿಂದ ಒತ್ತಿಯೂ ಒತ್ತದಂತೆ ಕ್ರೀಮು ಹಚ್ಚುತ್ತಾಳೆ. ಹೆಣ್ಣುಮಕ್ಕಳ ಗಲ್ಲ ಹಿಡಿಯುವ ಕೈಗಳು ನಮ್ಮಲ್ಲಿ ಬಹಳ. ಬಣ್ಣವನ್ನು ಅಳೆಯದೆ ಹಿಡಿದ ಕೈ ಆಕೆಯದೊಂದನ್ನೇ ನಾನು ಕಂಡಿದ್ದೇನೆ.

ಆದ್ದರಿಂದ ಚೀಟಿಯಿಲ್ಲದೆ ಸ್ಟಿರಾಯ್ಡ್ ಮುಲಾಮು ಮಾರುವ ಅಂಗಡಿಯವರೇ, ಅದನ್ನು ಕಂಡೂ ಸುಮ್ಮನಿರುವ ಔಷಧ ನಿಯಂತ್ರಣ ಅಧಿಕಾರಿಗಳೇ, ನನ್ನ ಬೇಡಿಕೆ ಸ್ಪಷ್ಟವಾಗಿದೆ. ಮಾರುವವರು ಇಂದೇ ನಿಲ್ಲಿಸಿ. ನಿಲ್ಲಿಸದವರ ಪರವಾನಗಿಯನ್ನು ಅಧಿಕಾರಿಗಳು ರದ್ದುಮಾಡಿ. ನಾಳೆಯೊಳಗೆ ಬೆಳ್ಳಗಾಗಲು ಏನಾದರೂ ಕೊಡಿ ಎಂದು ಹುಡುಗಿಯೊಬ್ಬಳು ಕೇಳಿದಾಗ ಇಲ್ಲವೆನ್ನಿ. ಅವಳ ಪಕ್ಕದಲ್ಲಿ ಬಂದು ಕೂರಲು ಎಲ್ಲರ ಮನೆಯಲ್ಲೂ ಒಬ್ಬ ಸಣ್ಣವ್ವ ಇರುವುದಿಲ್ಲ.