ಅವ್ವನ ಮನೆಗೆ ಹೊಲಿಗೆ ಮಿಷನ್ ಬಂದ ಬಗೆ

ಹತ್ತಿಯನ್ನು ಹಿಂಜಿ ಹಗುರ ಮಾಡಿ, ಕಡ್ಡಿಗೆ ಸುತ್ತಿ, ಮಣೆಯ ಮೇಲೆ ಅಂಗೈಯಿಂದ ಉರುಳಿಸಿ, ಕಡ್ಡಿಯನ್ನು ಮೆಲ್ಲಗೆ ಎಳೆದುಬಿಟ್ಟರೆ ಗೇಣುದ್ದದ ಬಿಳಿ ಸುರುಳಿ ಉಳಿಯುತ್ತದಲ್ಲ, ಅದಕ್ಕೊಂದು ಹೆಸರಿತ್ತು. ಹಗ್ಗ ಅಲ್ಲ. ಹುಂಜ ಅಂತೂ ಅಲ್ಲ, ಅದು ಕೂಗುತ್ತದೆ. ನಾಲಿಗೆಯ ತುದಿಗೆ ಬಂದು ಕೂತಿದೆ, ಕೆಳಗೆ ಇಳಿಯುತ್ತಿಲ್ಲ. ಮದುವೆಯಾಗಿ ಜಬಲ್ಪುರಕ್ಕೆ ಬಂದವಳು ಇಷ್ಟು ವರ್ಷ ಹಿಂದಿಯಲ್ಲೇ ಸೊಪ್ಪು, ಬದನೆಕಾಯಿ ಕೊಂಡರೆ ಇನ್ನೇನಾಗುತ್ತದೆ? ನನ್ನ ಕಣ್ಣು ಮಂಜಾಗಿರುವುದರಿಂದ ಮೊಮ್ಮಗಳು ಪೆನ್ನು ಹಿಡಿದು ಎದುರಿಗೆ ಕೂತಿದ್ದಾಳೆ. "ಆ ಜಾಗ ಖಾಲಿ ಬಿಡು, ಮುಂದಿನದು ಬರಿ" ಎಂದಿದ್ದೇನೆ.

ಮನೆಯಲ್ಲಿ ಒಬ್ಬರು ಹೊಸ ಕೆಲಸ ಕಲಿಯಲು ಕೂತರೆಂದರೆ ಉಳಿದವರ ಗ್ರಹಚಾರ ಶುರುವಾಯಿತೆಂದೇ ಲೆಕ್ಕ. ಅದು ಎಲ್ಲ ಕಾಲಕ್ಕೂ ಎಲ್ಲ ಮನೆಯಲ್ಲೂ ನಡೆಯುತ್ತಲೇ ಇರುತ್ತದೆ. ನಿನ್ನೆ ಈ ಹುಡುಗಿ ಬಣ್ಣದ ಮೇಣದಬತ್ತಿ ಮಾಡಲು ಹೋಗಿ ನನ್ನ ಹಾಲಿನ ಪಾತ್ರೆಯನ್ನು ಹಸಿರು ಮಾಡಿದಳು. ನಾನು ಬೈಯಲಿಲ್ಲ. ಬೈಯಲು ನಾನು ಯಾರ ಮಗಳು?

ನಮ್ಮದು ಹೊಸಪೇಟೆ. ಬ್ರಿಟಿಷರ ಕಾಲ, ನನಗಿನ್ನೂ ಲಂಗದ ವಯಸ್ಸು. ಅಪ್ಪನಿಗೆ ಪೇಟೆಯಲ್ಲಿ ಬೆಲ್ಲದ ಅಂಗಡಿ. ಒಂದು ದಿನ ಅವ್ವ ರೈಲ್ವೆ ಗಾರ್ಡಿನ ಹೆಂಡತಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿ, ಅಲ್ಲಿದ್ದ ಹೊಲಿಗೆ ಮಿಷನ್ನಿನ ಗಾಲಿಯನ್ನು ಒಂದೇ ಒಂದು ಸುತ್ತು ತಿರುಗಿಸಿ ಬಂದಳು. ಅಂದಿನಿಂದ ಅವಳಿಗೆ ನಿದ್ದೆ ಇಲ್ಲ.

"ನನಗೂ ಒಂದು ಮಿಷನ್ ಬೇಕ್ರಿ."

ಅಪ್ಪ ಬೇಡ ಎನ್ನುವವನಲ್ಲ, ಆದರೆ ವ್ಯಾಪಾರಸ್ಥ. "ನೀನು ಹಿಡಿದ ಕೆಲಸ ಯಾವತ್ತಾರ ಮುಗಿಸೀ ಏನು? ಹೋದ ವರ್ಷದ ಹಪ್ಪಳದ ಹಿಟ್ಟು ಇನ್ನಾ ಡಬ್ಬ್ಯಾಗ ಐತಿ. ಏನಾರ ಒಂದು ಹೊಸ ಕೆಲಸ ಕಲತು, ಪೂರಾ ಮಾಡಿ, ನನ್ನ ಕೈಯಾಗ ಕೊಡು. ಅವತ್ತ ಮಿಷನ್ ತರ್ತೀನಿ."

ಅಜ್ಜಿ, ಅಂದರೆ ಅಪ್ಪನ ತಾಯಿ, ಮೂಲೆಯಿಂದ ಸಾಕ್ಷಿ ಹೇಳಿದಳು: "ನಾ ಕೇಳೀನಪ. ಪೂರಾ ಮಾಡಿ, ಕೈಯಾಗ."

ಸಾಬೂನಿನ ಆನೆ

ಆಗ ಸ್ವದೇಶಿ ಪ್ರಚಾರದವರು ಬೀದಿಯಲ್ಲಿ ನಿಂತು ಮನೆಯಲ್ಲೇ ಸಾಬೂನು ಮಾಡುವುದನ್ನು ತೋರಿಸುತ್ತಿದ್ದರು. ಅವ್ವ ಬಾಗಿಲ ಸಂದಿಯಿಂದ ನೋಡಿಯೇ ಕಲಿತಳು. ಕೊಬ್ಬರಿ ಎಣ್ಣೆ, ಸೋಡಾ, ಒಂದಿಷ್ಟು ಕಲಕಾಟ. ಸಾಬೂನು ಹಾಲಿನಂತೆ ಬೆಳ್ಳಗೆ ಬಂತು. ಆದರೆ ಎರೆಯಲು ಅಚ್ಚು?

ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುತ್ತಾರೆ. ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದು ಆನೆ, ನವಿಲು, ಗೋಪುರ ಮಾಡಿ, ಬೆಳಗಿ, ತಿನ್ನುತ್ತಾರೆ. ಅವ್ವ ಅಜ್ಜಿಯ ಅದೇ ಅಚ್ಚುಗಳನ್ನು ಇಳಿಸಿದಳು. ಪಡಸಾಲೆಯ ತಟ್ಟೆಯಲ್ಲಿ ಬೆಳ್ಳನೆಯ ಆನೆಗಳು ಸಾಲಾಗಿ ಒಣಗಿದವು. ನೋಡಲು ಎಷ್ಟು ಚೆಂದವೆಂದರೆ ಮೈಗೆ ಉಜ್ಜಲು ಮನಸ್ಸೇ ಬಾರದು.

ಅಕ್ಕನನ್ನು ಸಂಡೂರಿಗೆ ಕೊಟ್ಟಿತ್ತು. ಅವಳ ಮಾವ, ದೊಡ್ಡ ಮೀಸೆಯ ಬೀಗರು, ಹುಣ್ಣಿಮೆಯ ಹಿಂದಿನ ದಿನ ಬಂದರು. ಅವ್ವ ನೀರು ತರಲು ಒಳಗೆ ಹೋಗಿದ್ದಳು. ಬೀಗರು ತಟ್ಟೆ ನೋಡಿದರು. ಒಂದು ಆನೆಯ ಸೊಂಡಿಲು ಮುರಿದು ಬಾಯಿಗೆ ಹಾಕಿಕೊಂಡರು.

ಬೀಗರ ಮನೆಯಲ್ಲಿ ಬಾಯಿಗಿಟ್ಟದ್ದನ್ನು ಉಗಿಯುವುದುಂಟೆ? ಅಪ್ಪ "ಹೆಂಗೈತ್ರಿ?" ಎಂದು ಕೇಳಿಯೂಬಿಟ್ಟ.

"ಭಾಳ ಚಲೋ ಆಗ್ಯಾವ್ರಿ," ಎಂದರು ಬೀಗರು. ಮಾತಿನ ಜೊತೆ ಒಂದು ಗುಳ್ಳೆಯೂ ಹೊರಗೆ ಬಂತು. "ಏಲಕ್ಕಿ ಒಂಚೂರು ಮುಂದಾಗೇತಿ, ಅಷ್ಟ."

ಕಣ್ಣು ಸರಿಯಾಗಿ ಕಾಣದ ಅಜ್ಜಿ ಒಳಗಿನಿಂದ ಕೂಗಿದಳು: "ಬೀಗರಿಗೆ ಒಂದು ನವಿಲೂ ಹಾಕವ್ವಾ! ಸಂಕೋಚದ ಮಂದಿ ಅವರು!"

ಬೀಗರು ಹಿತ್ತಲಿಗೆ ಓಡಿದರು. ಕೊಡಪಾನದ ನೀರೆಲ್ಲ ಖಾಲಿಯಾಯಿತು. ಅಪ್ಪ ತೀರ್ಪು ಕೊಟ್ಟ: "ಮೈ ತೊಳಿಯೂ ಸಾಬೂನು ಮಾಡು ಅಂದ್ರ ಬೀಗರನ್ನ ತೊಳದಿ. ಇದು ಲೆಕ್ಕಕ್ಕಿಲ್ಲ."

ಸಂಜೆ ಬಂಡಿ ಹತ್ತುವಾಗ ಬೀಗರ ಮೀಸೆ ಫಳಫಳ ಹೊಳೆಯುತ್ತಿತ್ತು. ಅಷ್ಟು ಸ್ವಚ್ಛವಾದ ಮೀಸೆಯನ್ನು ನಾನು ಆಮೇಲೆ ಜಬಲ್ಪುರದಲ್ಲೂ ಕಂಡಿಲ್ಲ.

ಮುಗಿಯದ ಮಫ್ಲರು

ಮುಂದೆ ಗಾರ್ಡಿನ ಹೆಂಡತಿ ಅವ್ವನಿಗೆ ಉಣ್ಣೆ ಹೆಣೆಯುವುದನ್ನು ಕಲಿಸಿದಳು. ಹೊಸಪೇಟೆಯ ಬಿಸಿಲಿಗೆ ಉಣ್ಣೆ ಯಾಕೆ ಎಂದು ಯಾರೂ ಕೇಳಲಿಲ್ಲ. ಅವ್ವ ಶುರು ಮಾಡುವುದನ್ನು ಕಲಿತಳು, ಸಾಲು ಬೆಳೆಸುವುದನ್ನು ಕಲಿತಳು. ಮುಗಿಸುವುದನ್ನು ಕಲಿಯುವ ಹೊತ್ತಿಗೆ ಗಾರ್ಡಿಗೆ ಗದಗಕ್ಕೆ ವರ್ಗವಾಯಿತು.

ಕಡ್ಡಿ ತೆಗೆದರೆ ಬಿಚ್ಚಿಹೋಗುತ್ತದೆ. ಆದ್ದರಿಂದ ಅವ್ವ ಹೆಣೆಯುತ್ತಲೇ ಹೋದಳು. ಮಫ್ಲರು ಪಡಸಾಲೆ ದಾಟಿತು, ಅಡುಗೆಮನೆಗೆ ಬಂತು, ಹಿತ್ತಲ ಬಾಗಿಲಲ್ಲಿ ಇಣುಕಿತು.

"ಪೂರಾ ಆತೇನು?" ಅಪ್ಪ ದಿನಾ ಕೇಳುವನು.

"ಪೂರಾ ಮಾಡೋದು ಗದಗಿನ್ಯಾಗ ಐತ್ರಿ."

ಕೊನೆಗೆ ಉಣ್ಣೆ ತೀರಿತು. ಅಜ್ಜಿ ಆ ತುದಿಗೊಂದು ಗಂಟು ಹೊಡೆದು, "ಕೊರಳಿಗೆ ಆಗದಿದ್ರ ಗಂಟು ಕಟ್ಟಾಕ ಆಗ್ತೈತಿ ಬಿಡು" ಎಂದು ಅದನ್ನು ತನ್ನ ಬಟ್ಟೆಯ ಗಂಟಿಗೆ ಸುತ್ತಿಟ್ಟಳು. ಅಜ್ಜಿ ಊರಿಗೆ ಹೊರಟರೆ ಗಂಟು ಕಾಣುತ್ತಿರಲಿಲ್ಲ, ಬರೇ ಮಫ್ಲರು ಕಾಣುತ್ತಿತ್ತು.

ಕನ್ನಡಿಯ ತೋರಣ

ಸಂಡೂರಿನ ಗುಡ್ಡದಿಂದ ಕಟ್ಟಿಗೆ ಮಾರಲು ಬರುತ್ತಿದ್ದ ಲಂಬಾಣಿ ಹೆಂಗಸಿಗೆ ಊಟ ಹಾಕಿ ಅವ್ವ ಕನ್ನಡಿ ಹೊಲಿಯುವುದನ್ನು ಕಲಿತಳು. ಈ ಸಲ ನಿಜವಾಗಿಯೂ ಮುಗಿಸಿದಳು. ಕೆಂಪು ಬಟ್ಟೆಯ ಮೇಲೆ ಮೈತುಂಬ ಪುಟ್ಟ ಪುಟ್ಟ ಕನ್ನಡಿಗಳ ತೋರಣ. ಅಪ್ಪ ಆಗ ಹಂಪಿಯ ಹತ್ತಿರದ ನಮ್ಮ ಬಾಳೆತೋಟದಲ್ಲಿದ್ದ. "ಕೈಯಾಗ ಕೊಡೋಣ ನಡೀ" ಎಂದು ಅವ್ವ ನನ್ನನ್ನೂ ಅಜ್ಜಿಯನ್ನೂ ಬಂಡಿಯಲ್ಲಿ ಕೂರಿಸಿಕೊಂಡು ಹೊರಟಳು.

ನಾವು ಹೋದಾಗ ಅಪ್ಪ ಗೊನೆ ಇಳಿಸುತ್ತಿದ್ದ, ಕೈತುಂಬ ಬಾಳೆಯ ಅಂಟು. ತೊಳೆದುಕೊಂಡು ಬರಲಿ ಎಂದು ಅವ್ವ ತೋರಣವನ್ನು ತೋಟದ ಮನೆಯ ಕಟ್ಟೆಯ ಮೇಲೆ ಹರಡಿ ಒಳಗೆ ಹೋದಳು. ತಿರುಗಿ ಬಂದರೆ ಕಟ್ಟೆಯ ಮೇಲೆ ಮಂಗಗಳು ಸಾಲಾಗಿ ಕೂತಿವೆ, ಒಂದೊಂದರ ಮುಂದೆ ಒಂದೊಂದು ಕನ್ನಡಿ. ಒಂದು ಹಲ್ಲು ನೋಡಿಕೊಳ್ಳುತ್ತಿದೆ. ಇನ್ನೊಂದು ಹುಬ್ಬು ತೀಡಿಕೊಳ್ಳುತ್ತಿದೆ. ಒಂದು ತಾಯಿಮಂಗ ಮರಿಯ ಮುಖವನ್ನು ಹಿಡಿದು ಕನ್ನಡಿಗೆ ತೋರಿಸುತ್ತಿದೆ.

ಅಜ್ಜಿ ಹೇಳಿದಳು, "ಯಾರವು, ಮದಿವಿಗೆ ಹೊಂಟ ಮಂದಿ? ಎಷ್ಟು ಶಿಸ್ತಿಲೆ ಕುಂತಾರ!"

ಅವ್ವ "ಹುಶ್!" ಎಂದಳು. ದೊಡ್ಡ ಗಡವ ತೋರಣವನ್ನು ಹೆಗಲಿಗೆ ಹಾಕಿಕೊಂಡು ಹುಣಸೆಮರದ ತುದಿಗೆ ಹೋಯಿತು. ಅಷ್ಟರಲ್ಲಿ ಅಪ್ಪ ಎರಡೂ ಕೈ ತೊಳೆದುಕೊಂಡು ಮುಂದೆ ಚಾಚಿ ಬಂದ.

"ಎಲ್ಲೈತಿ, ಕೊಡು."

ಅವ್ವ ಮರದ ತುದಿ ತೋರಿಸಿದಳು. "ಪೂರಾ ಆಗೇತ್ರಿ. ಕೈಗೆ ಬೇಕಂದ್ರ ನೀವ ಹತ್ತಬೇಕು."

ಸುದ್ದಿಯ ಧೋತರ

ಕೊನೆಗೆ ಬಂದದ್ದು ರಾಟಿ. ಆಗ ಮನೆಮನೆಯಲ್ಲೂ ನೂಲುವುದೇ. ಊಟವಾದ ಮೇಲೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬರುವರು. ನಾನು ಪಕ್ಕದಲ್ಲಿ ಕೂತು, ಆಗಲೇ ಹೇಳಿದ ಆ ಹತ್ತಿಯ ಸುರುಳಿಗಳನ್ನು ಮಾಡಿ ಅವ್ವನಿಗೆ ಕೊಡುತ್ತಿದ್ದೆ. ಅಪ್ಪನಿಗೊಂದು ಧೋತರ ನೇಯಿಸುವುದೆಂದು ಅವ್ವನ ಶಪಥ.

ಒಂದೇ ತೊಂದರೆ. ಸುದ್ದಿ ಸಪ್ಪೆಯಾಗಿದ್ದಾಗ ಅವ್ವನ ನೂಲು ಕೂದಲಿನಷ್ಟು ಸಣ್ಣಗೆ ಬರುತ್ತಿತ್ತು. ಸುದ್ದಿ ರಂಗೇರಿತೆಂದರೆ ಅವಳ ಕೈ ಎಳೆಯುವುದನ್ನೇ ಮರೆಯುತ್ತಿತ್ತು, ನೂಲು ದಪ್ಪವಾಗುತ್ತ ಹೋಗುತ್ತಿತ್ತು. ಪೊಲೀಸ್ ಜಮಾದಾರ ಗುಟ್ಟಾಗಿ ಎರಡನೇ ಮದುವೆ ಮಾಡಿಕೊಂಡ ಸುದ್ದಿ ಬಂದ ದಿನವಂತೂ ಕಿರುಬೆರಳಿನಷ್ಟು ದಪ್ಪ.

ಕಂಪ್ಲಿಯ ನೇಕಾರ ನೂಲಿನ ಲಡಿಗಳನ್ನು ಎತ್ತಿ ನೋಡಿದ. "ಅವ್ವಾರ, ಇದು ಜಮಖಾನಕ್ಕೇನ್ರಿ?"

"ಧೋತರಕ್ಕ."

"ಯಾರು ಉಡೋರು?"

"ನಮ್ಮನಿಯವರು."

ಅವನು ಒಂದು ಲಡಿಯನ್ನು ಕೈಯಲ್ಲಿ ತೂಗಿ ನೋಡಿ, "ಗಟ್ಟಿಮುಟ್ಟ ಅದಾರೇನ್ರಿ?" ಎಂದ.

ಅಂತೂ ನೇಯ್ದು ಕೊಟ್ಟ. ಅವ್ವ ಅದನ್ನು ತಂದು ಅಪ್ಪನ ಎರಡೂ ಕೈಯಲ್ಲಿಟ್ಟಳು. ಕೈಗಳು ಮೊಣಕಾಲಿನ ತನಕ ಇಳಿದವು.

"ಪೂರಾ ಆಗೇತಿ. ಕೈಯಾಗ ಐತಿ. ಮಿಷನ್?"

ಅಪ್ಪ ವ್ಯಾಪಾರಸ್ಥ ಎಂದೆನಲ್ಲ. "ನೀರಿಗೆ ಬಿದ್ದರ ಎಳಿ ಬಿಚ್ಚಿಕೊಂಡು ಹೋಗೂ ಅರಿವಿ ನಾ ಭಾಳ ನೋಡೀನಿ. ಸೋಮವಾರ ಇದನ್ನ ಉಟ್ಟು ಹಂಪಿ ಹೊಳ್ಯಾಗ ಮುಳುಗ್ತೀನಿ. ಹರೀಲಿಲ್ಲ ಅಂದ್ರ ಮಿಷನ್."

ಕಾರ್ತೀಕದ ಸೋಮವಾರ, ಹೊಳೆಯ ದಂಡೆಯ ತುಂಬ ಜನ. ಅವ್ವ ಮೆಟ್ಟಿಲ ಮೇಲೆ ನಿಂತಿದ್ದಳು, ಪಕ್ಕದಲ್ಲಿ ನಾನು ಮತ್ತು ಬಟ್ಟೆಯ ಗಂಟು ಹಿಡಿದ ಅಜ್ಜಿ. ಅಪ್ಪ ಸೊಂಟದ ಮಟ ಇಳಿದು, ಶಿವ ಶಿವಾ ಎಂದು ಮುಳುಗಿ ಎದ್ದ. ಎದ್ದದ್ದು ಮೇಲಿನ ಅರ್ಧ ಮಾತ್ರ. ಧೋತರ ಹೊಳೆಯನ್ನೇ ಕುಡಿದಿತ್ತು. ಒಂದು ಹೆಜ್ಜೆ ಎತ್ತಲಾಗದು. ಬಿಚ್ಚಿ ಎಸೆದು ಬರೋಣವೆಂದರೆ ದಂಡೆಯ ಮೇಲೆ ಊರಿಗೆ ಊರೇ ನಿಂತಿದೆ.

ಪಕ್ಕದಲ್ಲಿ ಹರಿಗೋಲು ತಂದ ಅಂಬಿಗ ಕೇಳಿದ, "ಯಜಮಾನ್ರ, ಬರ್ತೀರೋ, ಅಲ್ಲೇ ಇರ್ತೀರೋ?"

ಅಪ್ಪ ಅವ್ವನ ಕಡೆ ನೋಡಿ ಪಿಸುಗುಟ್ಟಿದ, "ಲೇ, ಏನಾರ ಮಾಡಲೇ!"

ಅವ್ವ ಒಂದು ಮೆಟ್ಟಿಲು ಕೆಳಗೆ ಇಳಿದಳು. "ಹರದೈತೇನ್ರಿ?"

"ಹರದಿದ್ರ ಬರ್ತಿದ್ದಿಲ್ಲೇನು!"

"ಹಂಗಾರ ಪೂರಾ ಆಗೇತಿ."

"ಆಗೇತಿ! ಜಲ್ದಿ ಎಳೀ!"

"ಮಿಷನ್?"

"ತರ್ತೀನಿ!"

"ಎಲ್ಲಾರಿಗೂ ಕೇಳಂಗ ಹೇಳ್ರಿ."

"ಮಿಷನ್ ತರ್ತೀನಿ!" ಎಂದು ಅಪ್ಪ ಕೂಗಿದ. ಆಚೆ ದಂಡೆಯಲ್ಲಿ ಯಾರೋ "ತರ್ರಿ, ತರ್ರಿ!" ಎಂದರು.

ಎಳೆಯಲು ಹಗ್ಗವೆಲ್ಲಿದೆ? ಅಜ್ಜಿ ತನ್ನ ಗಂಟಿನಿಂದ ಮಫ್ಲರು ಬಿಚ್ಚಿ ಎಸೆದಳು. ಅಪ್ಪ ಒಂದು ತುದಿ ಹಿಡಿದ. ಇನ್ನೊಂದನ್ನು ಅವ್ವ, ನಾನು, ಸಿಕ್ಕ ಸಿಕ್ಕ ಭಕ್ತರು ಹಿಡಿದೆವು. ಎಳೆದೆವು. ಉಣ್ಣೆ ಹಿಗ್ಗಿತು. ಹಿಂದೆ ಹಿಂದೆ ಸರಿದೆವು, ಮತ್ತೂ ಹಿಗ್ಗಿತು. ಮೆಟ್ಟಿಲೆಲ್ಲ ಹತ್ತಿ, ಮಂಟಪ ದಾಟಿ, ಮೂಲೆ ತಿರುಗಿದೆವು. ಹೊಳೆಯ ಕಡೆಯಿಂದ ಅಪ್ಪನ ದನಿ ಬಂತು: "ಎಳೀರಲೇ!"

"ಎಳೀತಾನ ಇದೀವ್ರಿ!" ಅವ್ವ ಕೂಗಿದಳು. "ನೀವ ಕಾಣವಲ್ರಿ!"

ಹಿಗ್ಗುವಷ್ಟು ಹಿಗ್ಗಿದ ಮೇಲೆ ಅಪ್ಪ ಬಂದ. ತೂಬು ಎತ್ತಿದ ಕೆರೆಯಂತೆ ನೀರು ಸುರಿಸುತ್ತ ಬಂದ.

ಮಾತಿಗೆ ತಪ್ಪಲಿಲ್ಲ. ಆ ಸಂಕ್ರಾಂತಿಗೆ ಮಿಷನ್ ಬಂತು. ಅಪ್ಪ ಮತ್ತೆಂದೂ ಉಡುವುದಿಲ್ಲವೆಂದ ಆ ಧೋತರವನ್ನೇ ಕತ್ತರಿಸಿ ಬೆಲ್ಲದ ಚೀಲ ಹೊಲಿಯೋಣವೆಂದು ಅವ್ವ ಕುಂಕುಮ ಹಚ್ಚಿ ಗಾಲಿ ತಿರುಗಿಸಿದಳು. ಟಕಟಕ ಟಕಟಕ ಎಂದು ಓಡಿದ ಸೂಜಿ ಒಂದು ಕಡೆ ಬಂದು ಫಟ್ಟನೆ ಮುರಿಯಿತು. ಅವ್ವನ ಕಣ್ಣಲ್ಲಿ ನೀರು.

ಅಜ್ಜಿ ಬಟ್ಟೆಯನ್ನು ಹತ್ತಿರಕ್ಕೆಳೆದು, ಆ ಜಾಗವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ಅಳಬ್ಯಾಡ, ಮಿಷನ್ನಿನ ತಪ್ಪಲ್ಲ," ಎಂದಳು. "ಇದು ಜಮಾದಾರನ ಎರಡನೇ ಮದಿವಿ. ಅವನ ಮೊದಲನೇ ಹೆಂಡತಿಗೂ ಇದನ್ನ ದಾಟಾಕ ಆಗಿಲ್ಲ, ಸೂಜಿ ಏನು ದಾಟೀತು! ಒಂದು ಗೇಣು ಬಿಟ್ಟು ಹೊಲಿ. ಅಲ್ಲಿ ಬರೇ ಮಳಿ ಬೆಳಿ ಸುದ್ದಿ ಐತಿ. ಆ ದಿನ ನೂಲು ಸಣ್ಣಗ ಬಂದು ನಿನ್ನ ಮಗಳು ಮಾಡಿಕೊಟ್ಟ ಹಂಜಿ ಅರ್ಧಕ್ಕರ್ಧ ಹಂಗ ಉಳದಿದ್ವು."

ಹಂಜಿ! ಹಂಜಿ ಕಣೇ, ಹಂಜಿ! ನಗೋದು ಆಮೇಲೆ, ಮೊದಲು ಮೇಲೆ ಖಾಲಿ ಬಿಟ್ಟ ಜಾಗದಲ್ಲಿ ಬರಿ, ಮತ್ತೆ ಮರೆತುಬಿಡ್ತೀನಿ.