ಹಿಂದೆ ಗಂಟೆಯಿದ್ದ ಸೈಕಲ್ಲು

ನಿಮ್ಮ ಅಜ್ಜ ಸೈಕಲ್ಲನ್ನು ಎತ್ತು ಎಂದು ತಿಳಿದಿದ್ದರು. ನಗಬೇಡಿ, ನಿಜವನ್ನೇ ಬರೆಯುತ್ತಿದ್ದೇನೆ! ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ಸೂಟಿ. ನಿಮ್ಮ ಅಜ್ಜನಿಗೆ ಎತ್ತೂ ಇರಲಿಲ್ಲ, ಹೊಲವೂ ಇರಲಿಲ್ಲ. ಇದ್ದದ್ದು ಸವದತ್ತಿಯಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಜೊತೆಗೊಂದು ಕರಿಯ ಸೈಕಲ್ಲು. ವಾರವೆಲ್ಲ ಜೋಳದ ಚೀಲ, ಗೋಧಿಯ ಚೀಲ ಹೊತ್ತು ತಿರುಗುವ ಆ ಪ್ರಾಣಿಗೂ ಒಂದು ದಿನ ಸೂಟಿ ಬೇಡವೇ? ಇದು ಅವರ ನ್ಯಾಯ. ಸೋಮವಾರ ಬೆಳಿಗ್ಗೆ ಸೈಕಲ್ಲಿನ ಮೈ ತೊಳೆದು, ಒರೆಸಿ, ಎಣ್ಣೆ ಬಿಟ್ಟು, ಹ್ಯಾಂಡಲ್ಲಿಗೆ ವಿಭೂತಿ ಹಚ್ಚಿ, ಬೇವಿನ ಗಿಡದ ನೆರಳಿನಲ್ಲಿ ನಿಲ್ಲಿಸುತ್ತಿದ್ದರು. ಮುಂದೊಂದು ಹಿಡಿ ಮೇವಿನ ಕಣಿಕೆ ಹಾಕಲಿಲ್ಲ, ಅಷ್ಟೇ!

ಗಿರಣಿಗೂ ಅಂದು ಬಂದ್. ಸಂಜೆಯಾದರೆ, ಸುಮ್ಮನೆ ನಿಂತ ಎತ್ತನ್ನು ಕಾಲು ಹಿಡಿಯದಂತೆ ಅಡ್ಡಾಡಿಸುತ್ತಾರಲ್ಲ, ಹಾಗೆ ಸೈಕಲ್ಲನ್ನು ಉಗರಗೋಳದ ದಾರಿಯಲ್ಲಿ ಅಡ್ಡಾಡಿಸಿಕೊಂಡು ಬರಬೇಕು. ಆ ಅಡ್ಡಾಟಕ್ಕೆ ಹಿಂದಿನ ಕ್ಯಾರಿಯರ್ ಮೇಲೆ ನಾನು ಕೂಡಬೇಕು.

ಇದು ಶುರುವಾದಾಗ ನಿಮ್ಮ ಅವ್ವ ಸಾಲಿಗೆ ಹೋಗುವ ಹುಡುಗಿ. ನಮ್ಮ ಅತ್ತೆ, ಅಂದರೆ ನಿಮ್ಮ ಅಜ್ಜನ ತಾಯಿ, ಇನ್ನೂ ಗಟ್ಟಿಯಾಗಿದ್ದರು. ಮೊದಲ ಸೋಮವಾರ ನಾವು ಹೊರಟಾಗ ಬಾಗಿಲಲ್ಲೇ ತಡೆದರು.

“ಹೆಂಗೂ ಹೊಂಟೀರಿ, ಬರೂಮುಂದ ಪ್ಯಾಟ್ಯಾಗ ಒಂದ ಡಬ್ಬಿ ಎಣ್ಣಿ ತಗೊಂಡ ಬರ್ರಿ.”

“ಇವತ್ತ ಸೋಮವಾರವ್ವಾ. ಇದರ ಮ್ಯಾಲ ವಜ್ಜಿ ಹೇರಬಾರದು.”

“ಮತ್ತ ಈಕಿ?”

“ಈಕಿ ವಜ್ಜಿ ಅಲ್ಲವ್ವಾ.”

“ಅಲ್ಲೋ, ಎತ್ತಿಗಿ ಸೂಟಿ, ಸೈಕಲ್ಲಿಗಿ ಸೂಟಿ. ಈಗ ಈಕೀಗೂ ಸೂಟಿ ಏನ?”

“ಹೌದವ್ವಾ. ಈಕೀಗೂ.”

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು.

ಈ ಎತ್ತಿನ ಕಥೆಯೆಲ್ಲ ಮನೆಯವರಿಗೆ ಹೇಳಿದ ನೆಪ. ನಿಜವಾದ ಕಾರಣ ಬೇರೆ ಇತ್ತು, ಅದನ್ನು ನಿಮಗೆ ಹೇಳಿಬಿಡುತ್ತೇನೆ. ಆ ಮನೆಯಲ್ಲಿ ಹಿರಿಯರ ಎದುರಿಗೆ ಸೊಸೆ ಗಂಡನ ಜೊತೆ ಮಾತಾಡುವ ರೂಢಿ ಇರಲಿಲ್ಲ. ನನ್ನ ತವರೂರು ಚಚಡಿಯ ಸಾಲಿಯಲ್ಲಿ ನಾಲ್ಕಕ್ಷರ ಕಲಿತು ಬಂದ ನಾನು ಮೊದಲೇ ಮಾತು ಕಡಿಮೆಯವಳು. ಮದುವೆಯಾಗಿ ಹುಟ್ಟಿದ ಮೊದಲ ಗಂಡುಮಗು ತೊಟ್ಟಿಲು ಬಿಟ್ಟು ಇಳಿಯುವ ಮೊದಲೇ ಜ್ವರದಲ್ಲಿ ಹೋಯಿತು. ಇದ್ದಿದ್ದರೆ ನಿಮಗೆ ಸೋದರಮಾವ. ಆ ಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನನ್ನ ದುಃಖ ಕೆದರಬಾರದೆಂದೇ ಎತ್ತಲಿಲ್ಲ, ಅವರ ತಪ್ಪೇನಿಲ್ಲ. ಆದರೆ ಅದೊಂದು ಮಾತು ಗಂಟಲಲ್ಲಿ ನಿಂತು, ಉಳಿದ ಮಾತುಗಳಿಗೂ ದಾರಿ ಬಿಡಲಿಲ್ಲ. ನಿಮ್ಮ ಅವ್ವ ಹುಟ್ಟಿ ದೊಡ್ಡವಳಾದರೂ ನನ್ನ ಬಾಯಿ ತೆರೆಯಲಿಲ್ಲ. ಅದನ್ನು ತೆರೆಸಬೇಕೆಂಬುದು ನಿಮ್ಮ ಅಜ್ಜನ ಹಟ.

ಊರು ದಾಟಿದ ಮೇಲೆ ಮೊದಲ ದಿನವೇ ಹೇಳಿದರು. “ಮನ್ಯಾಗ ನಿನಗ ಮಾತಾಡಾಕ ಜಾಗಾ ಇಲ್ಲ. ಇಲ್ಲಿ ನೋಡು, ಬರೇ ಬಯಲು. ನಾ ಹಿಂದ ಹೊಳ್ಳಿ ನೋಡೂದಿಲ್ಲ. ಏನರ ಮಾತಾಡ.”

ನಾನು ಮಾತಾಡಲಿಲ್ಲ. ಮುಂದಿನ ಸೋಮವಾರವೂ ಇಲ್ಲ, ಅದರ ಮುಂದಿನ ಸೋಮವಾರವೂ ಇಲ್ಲ. ಸೆರಗು ಹೊದ್ದು, ತಲೆ ಬಗ್ಗಿಸಿ, ಹಿಂದಿನ ಗಾಲಿ ನೋಡುತ್ತ ಕೂತಿರುತ್ತಿದ್ದೆ. ಪಾಪ, ಇಬ್ಬರ ಪಾಲಿನದೂ ಅವರೇ ಮಾತಾಡುತ್ತಿದ್ದರು.

ಅವರ ಸೈಕಲ್ಲಿನ ನಿಧಾನವನ್ನು ಹೇಗೆ ವರ್ಣಿಸಲಿ? ಜೋರಾಗಿ ಹೊಡೆದರೆ ನನ್ನ ಮಾತು ಗಾಳಿಗೆ ಹಾರಿಹೋದೀತೆಂಬ ಅಂಜಿಕೆ ಅವರಿಗೆ. ಬರದ ಮಾತಿಗೆ ಎಂಥ ಕಾಳಜಿ ನೋಡಿ! ಕುರಿಹಿಂಡು ನಮ್ಮನ್ನು ದಾಟಿ ಮುಂದೆ ಹೋಗುತ್ತಿತ್ತು. ಒಮ್ಮೆ ಯಾರದೋ ಎಮ್ಮೆ ನಮ್ಮ ಜೊತೆಜೊತೆಗೇ ಬಂದು, ಬಹಳ ಹೊತ್ತು ನನ್ನ ಮುಖ ನೋಡಿ, ಇವರಿಂದ ಏನೂ ಆಗುವಂತಿಲ್ಲ ಎಂದುಕೊಂಡಿತೋ ಏನೋ, ಬಾಲ ಬೀಸಿ ಮುಂದೆ ಹೋಯಿತು.

ದಾರಿಯಲ್ಲಿ ಸಿಕ್ಕವರು “ಎಲ್ಲಿಗಿ ಹೊಂಟೀರಿ?” ಎಂದು ಕೇಳದೆ ಬಿಡುವ ಸೀಮೆಯೇ ನಮ್ಮದು? ಇವರು “ಎಲ್ಲಿಗೂ ಇಲ್ರಿ, ಸುಮ್ಮನ” ಎನ್ನುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಸುಮ್ಮನೆ ಹೋಗುವುದೆಂದರೇನು? ದವಾಖಾನೆಗೆ ಹೋಗಬೇಕು, ಹೆಣ್ಣು ನೋಡಲು ಹೋಗಬೇಕು, ಇಲ್ಲವೇ ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕು. ಗುಡ್ಡದ ಗದ್ದಲವೆಲ್ಲ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ. ಇವರಿಬ್ಬರೂ ಸೋಮವಾರ ಬಂದು, ಗುಡ್ಡವನ್ನೂ ಹತ್ತದೆ, ಅದರ ಬುಡದ ಉಗರಗೋಳದಲ್ಲಿ ಒಂದು ಚಹಾ ಕುಡಿದು ತಿರುಗಿ ಹೋಗುತ್ತಾರಲ್ಲ, ಏನಿದು?

ಅಲ್ಲಿ ಕುಂಕುಮ, ಭಂಡಾರದ ಅರಿಷಿಣ ಮಾರುವ ಒಬ್ಬ ಮುದುಕಿ ಇದ್ದಳು. ಅವಳು ಬಹಳ ದಿನ ನೋಡಿ ಒಂದು ಸಂಜೆ ತಡೆಯಲಾರದೆ ನನ್ನ ಹತ್ತಿರ ಬಂದಳು.

“ಯವ್ವಾ, ಉರುಳ ಸೇವಾ ಮಾಡವ್ರನ್ನ ನೋಡೇನಿ, ದೀಡನಮಸ್ಕಾರ ಹಾಕವ್ರನ್ನ ನೋಡೇನಿ. ಈ ಸೈಕಲ್ ಸೇವಾ ಇದ ಮೊದಲ ನೋಡಾಕತ್ತೇನಿ. ಯಾವ ಹರಕಿ ತಂಗಿ?”

ನಾನು ತಲೆ ಎತ್ತಲಿಲ್ಲ. ನಿಮ್ಮ ಅಜ್ಜ ಗಂಭೀರವಾಗಿ ಹೇಳಿದರು: “ಈಕಿ ಬಾಯಿ ಬಿಡಲಿ ಅಂತ, ಆಯಿ.”

ಮುದುಕಿಯ ಕಣ್ಣು ತುಂಬಿ ಬಂದವು. “ಅಯ್ಯ ನನ ಕೂಸ! ಮೂಕಿ ಅದಾಳೇನ?” ಎಂದವಳೇ ಒಂದು ಮುಷ್ಟಿ ಭಂಡಾರ ತಂದು ನನ್ನ ಹಣೆ, ಗಲ್ಲ, ಬಾಯಿಗೆಲ್ಲ ಹಚ್ಚಿದಳು. ನಾನು ಹಳದಿ ಮುಖ ಹೊತ್ತು ಸವದತ್ತಿಯ ಪೇಟೆಯ ನಡುವೆ ಮನೆಗೆ ಬಂದೆ. ಮೂಕಿಯಲ್ಲ ಎಂದು ಹೇಳಬಹುದಿತ್ತಲ್ಲ ಅನ್ನುತ್ತೀರಾ? ಅದಕ್ಕೂ ಬಾಯಿ ಬಿಡಬೇಕಲ್ಲ!

ಇದಾದ ಮೇಲೆ ಇನ್ನೊಂದು ಫಜೀತಿ. ಮಳೆಗಾಲ ಮುಗಿದು ರಸ್ತೆ ಕಿತ್ತಿತ್ತು. ಇವರು ತಮ್ಮ ಕಾಕಾನ ಮದುವೆಯಲ್ಲಿ ಬೀಗರು ಜಗಳಾಡಿದ ಕಥೆ ಹೇಳುತ್ತ ಹೊರಟಿದ್ದರು. ಒಂದು ಸಣ್ಣ ಸೇತುವೆಯ ಹತ್ತಿರ ಸೈಕಲ್ಲು ಕುಣಿಯಿತು, ನಾನು ಪುಸಕ್ಕನೆ ಹಿಂದೆ ಜಾರಿ ಉಸುಕಿನ ಗುಡ್ಡೆಯ ಮೇಲೆ ಕೂತೆ. ಪೆಟ್ಟು ಹತ್ತಲಿಲ್ಲ. ಆದರೆ ಸೈಕಲ್ಲು ಮುಂದೆ ಹೋಗುತ್ತಿದೆ! ಹೇಗೆ ಕರೆಯಲಿ? ಗಂಡನ ಹೆಸರು ಹಿಡಿದು ಕರೆಯುವಂತಿಲ್ಲ, ನಮ್ಮ ಕಾಲದವರು ಯಾರೂ ಕರೆಯುತ್ತಿರಲಿಲ್ಲ. “ಏ” ಎನ್ನಲು ಅವರೇನು ದನ ಕಾಯುವವರೇ? “ರೀ” ಎಂದರೆ ಪಕ್ಕದ ಹೊಲದಲ್ಲಿ ಒಬ್ಬ ಗಂಡಸು ಕುಂಟೆ ಹೊಡೆಯುತ್ತಿದ್ದ, ಅವನು ತಿರುಗಿದರೆ? ಎಲ್ಲ ವಿಚಾರ ಮಾಡುವಷ್ಟರಲ್ಲಿ ಸೈಕಲ್ಲು ತಿರುವು ದಾಟಿತ್ತು. ನಾನು ಸೆರಗು ಸರಿಪಡಿಸಿಕೊಂಡು ಉಸುಕಿನ ಮೇಲೆ ಕೂತೆ.

ಇವರು ಇಡೀ ಮದುವೆಯ ಕಥೆಯನ್ನು ಖಾಲಿ ಕ್ಯಾರಿಯರ್‌ಗೆ ಹೇಳುತ್ತ ಉಗರಗೋಳ ಮುಟ್ಟಿದರಂತೆ. ಚಹಾದಂಗಡಿಯ ಮುಂದೆ ಕಾಲೂರಿ, “ಇಳಿ” ಎಂದರಂತೆ.

ಭಂಡಾರದ ಮುದುಕಿ ಹಣಿಕಿ ನೋಡಿ, “ಯಾರಿಗಿ ಇಳಿ ಅಂತೀಯೋ ಯಪ್ಪಾ?” ಎಂದಳಂತೆ.

ನಿಮ್ಮ ಅಜ್ಜ ಸೈಕಲ್ಲನ್ನು ಜೋರಾಗಿ ತುಳಿದದ್ದನ್ನು ನಾನು ನೋಡಿದ್ದು ಜೀವನದಲ್ಲಿ ಅದೊಂದೇ ಸಲ. ಬೆವರಿಳಿಸಿಕೊಂಡು ಬಂದು ನನ್ನ ಕೈಕಾಲು ನೋಡಿ, “ಒದರಬಾರದೇನ?” ಎಂದರು.

ನಾನು ಅಂದು ಮೊದಲ ಸಲ ಬಯಲಿನಲ್ಲಿ ಬಾಯಿ ಬಿಟ್ಟೆ. “ಏನಂತ ಒದರಲಿ?”

ಮನೆ ಮುಟ್ಟುವವರೆಗೆ ವಿಚಾರ ಮಾಡಿದರು. ಮರುದಿನ ಇಮಾಮಸಾಬರ ಸೈಕಲ್ ಅಂಗಡಿಗೆ ಹೋಗಿ ಇನ್ನೊಂದು ಗಂಟೆ ಕೇಳಿದರು. ಕ್ಯಾರಿಯರ್‌ಗೆ ಹಾಕಬೇಕು ಎಂದಾಗ ಇಮಾಮಸಾಬರು ಕೈಯೊಳಗಿನ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರಂತೆ.

“ಗಿರಣಿ ಅಣ್ಣಾರ, ಗಂಟಿ ಇರೂದು ಮುಂದಿನವ್ರು ದಾರಿ ಬಿಡಲಿ ಅಂತ. ಹಿಂದ ಯಾರಿಗಿ ಬಾರಸ್ತೀರಿ?”

“ನನಗ ಬಾರಸೂದರೀ.”

“ಯಾರು?”

“ಅದನ್ನ ಹೇಳಾಕ ಬರೂದಿಲ್ರಿ ಸಾಬರ. ನೀವ ಹಚ್ಚರಿ.”

ಹೀಗೆ ನನ್ನ ಬಲಗೈಗೆ ಸಿಗುವಂತೆ ಒಂದು ಗಂಟೆ ಬಂತು. ಒಮ್ಮೆ ಬಾರಿಸಿದರೆ ನಿಲ್ಲಿಸಿ ಎಂದು, ಎರಡು ಸಲವಾದರೆ ಹತ್ತಿ ಕೂತೆ, ಹೊರಡಿ ಎಂದು. ಊರ ಹುಡುಗರು ನಕ್ಕರು, ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಆದರೆ ನನಗೆ ಆ ಗಂಟೆ ಬಾರಿಸುವುದರಲ್ಲಿ ಏನೋ ಒಂದು ಧೈರ್ಯ ಬಂತು. ನಾನು ಬೆರಳು ಒತ್ತಿದರೆ ಒಬ್ಬರು ನಿಲ್ಲುತ್ತಾರೆ! ಆ ಮನೆಗೆ ಬಂದ ಮೇಲೆ ನನ್ನ ಮಾತಿಗೆ ಯಾರಾದರೂ ನಿಂತದ್ದು ಅದೇ ಮೊದಲು.

ಗಂಟೆಯ ಹಿಂದೆ ಮಾತೂ ಬಂತು. ಮೊದಲು ಒಂದೊಂದೇ. “ಮಳಿ ಬರೂಹಂಗ ಐತಿ.” “ಆ ಹೊಲದಾಗ ಕುಸುಬಿ ಚಲೋ ಬಂದೈತಿ.” ಆಮೇಲೆ ಚಚಡಿಯ ಅರಮನೆಯಂಥ ವಾಡೆಯ ಮುಂದೆ ಆಡಿದ್ದು, ಸಾಲಿಯ ಮಾಸ್ತರರು ಹೊಡೆದದ್ದು, ನನ್ನ ತಂಗಿ ಬಾವಿಯಲ್ಲಿ ಕೊಡ ಬಿಟ್ಟು ಬಂದದ್ದು. ವರ್ಷ ಕಳೆದಂತೆ ನಾನೇ ಮಾತಾಡುವವಳಾದೆ, ಅವರು ತಲೆ ಅಲ್ಲಾಡಿಸುತ್ತ “ಹೌದಲ್ಲ, ಹೌದಲ್ಲ” ಎನ್ನುವವರಾದರು. ಅತ್ತೆ-ಮಾವ ತೀರಿಕೊಂಡರು, ನಿಮ್ಮ ಅವ್ವನ ಮದುವೆಯಾಯಿತು. ಈಗ ಮನೆಯಲ್ಲಿ ಮಾತಾಡಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ನನಗೆ ಗಾಲಿ ಉರುಳದೆ ಮಾತು ಹೊರಡುತ್ತಿರಲಿಲ್ಲ! ಮನೆಯಲ್ಲಿ ತಾಟು ಇಟ್ಟರೆ ಊಟ, ತಂಬಿಗೆ ಇಟ್ಟರೆ ನೀರು. ಉಳಿದದ್ದೆಲ್ಲ ಸೋಮವಾರಕ್ಕೆ. ನಿಮ್ಮ ಅಪ್ಪ ಒಂದು ಮೊಪೆಡ್ ಕೊಡಿಸುತ್ತೇನೆಂದಾಗ ಇವರು, “ಬ್ಯಾಡ್ರಿ ಅಳಿಯಂದ್ರ, ಅದಕ್ಕ ಅವಸರ ಭಾಳ” ಎಂದುಬಿಟ್ಟರು.

ಒಂದು ಸೋಮವಾರ, ಜೋಳದ ರಾಶಿಯ ಕಾಲ. ದಾರಿಯಲ್ಲಿ ಯಾರೂ ಇರಲಿಲ್ಲ. ಯಾರದೋ ಮನೆಯ ತೊಟ್ಟಿಲ ಸುದ್ದಿ ಹೇಳುತ್ತಿದ್ದವಳು, ನನಗೇ ಗೊತ್ತಾಗದಂತೆ ನಮ್ಮ ತೊಟ್ಟಿಲಿಗೆ ಬಂದೆ. ಆ ಜ್ವರ, ಆ ರಾತ್ರಿ ನಾನು ಕೂಸಿನ ಅಂಗಾಲು ತಿಕ್ಕಿದ್ದು, ಬೆಳಗಾಗುವಾಗ ಅದು ನನ್ನ ಬೆರಳು ಹಿಡಿದದ್ದು. ಅಷ್ಟು ವರ್ಷ ಗಂಟಲಲ್ಲಿ ನಿಂತದ್ದೆಲ್ಲ ಹೊರಗೆ ಬಂತು. ಅವರು “ಹೌದಲ್ಲ” ಎಂದು ಸಹ ಅನ್ನಲಿಲ್ಲ. ಉಗರಗೋಳ ಬಂದರೂ ನಿಲ್ಲಿಸಲಿಲ್ಲ, ಊರು ದಾಟಿ ಸುಮ್ಮನೆ ತುಳಿಯುತ್ತ ಹೋದರು. ಕತ್ತಲಾಗುವಾಗ ಮನೆಗೆ ಬಂದೆವು. ನನ್ನ ಎದೆ ಹಗುರಾಗಿತ್ತು. ಕೊನೆಗೂ ಹೇಳಿದೆ, ಅವರು ಕೇಳಿದರು ಎಂದುಕೊಂಡೆ.

ಅದರ ಮರುವಾರವೋ, ಅದರಾಚೆಯ ವಾರವೋ, ದಾರಿಯಲ್ಲಿ ನನ್ನ ಒಂದು ಚಪ್ಪಲಿ ಜಾರಿ ಬಿತ್ತು. ಗಂಟೆ ಬಾರಿಸಿದೆ. ಸೈಕಲ್ಲು ನಿಲ್ಲಲಿಲ್ಲ. ಮತ್ತೆ ಬಾರಿಸಿದೆ. ಹೊಲದಲ್ಲಿ ಜೋಳದ ತೆನೆ ಮುರಿಯುತ್ತಿದ್ದ ಹೆಣ್ಣುಮಕ್ಕಳು ತಲೆ ಎತ್ತಿ ನೋಡಿದರು, ಒಬ್ಬಾಕೆ ನಗುತ್ತ “ಅಣ್ಣಾರ, ಅಕ್ಕಾರು ಗಂಟಿ ಹೊಡ್ಯಾಕತ್ತಾರಿ!” ಎಂದು ಕೂಗಿದಳು. ಇವರು “ಹೌದಲ್ಲ” ಎಂದು ತಲೆ ಅಲ್ಲಾಡಿಸುತ್ತ ಮುಂದೆಯೇ ಹೋಗುತ್ತಿದ್ದರು.

ಹಾಡಹಗಲಿನಲ್ಲಿ, ಅಷ್ಟು ಜನರ ಎದುರು, ಅವರ ಬೆನ್ನ ಮೇಲೆ ಕೈ ಇಟ್ಟೆ. ತಕ್ಷಣ ನಿಂತರು.

ಇಳಿದು ಅವರ ಮುಂದೆ ಬಂದು ಕೇಳಿದೆ. “ಗಂಟಿ ಕೇಳಸಲಿಲ್ಲೇನ್ರಿ?”

ಅವರು ನನ್ನ ಕಣ್ಣು ನೋಡಲಿಲ್ಲ, ತುಟಿ ನೋಡಿದರು. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ದಾರಿಯ ಬದಿಯ ಕಲ್ಲಿನ ಮೇಲೆ ಕೂತರು.

“ಸಣ್ಣಗ ಸಣ್ಣಗ ಹೋತು,” ಎಂದರು. “ಗಿರಣಿ ನಿಂತ ಮ್ಯಾಲೂ ಅದರ ಸಪ್ಪಳ ಕಿವ್ಯಾಗ ನಿಲ್ಲತಿರಲಿಲ್ಲ. ಆಮ್ಯಾಲ ಅದೊಂದ ಉಳೀತು. ಉಳದದ್ದೆಲ್ಲಾ ಹೋತು.”

“ಹೇಳಬಾರದೇನ್ರಿ ನನಗ?”

“ಹೇಳಿದ್ರ ನೀ ಮತ್ತ ಬಾಯಿ ಮುಚ್ಚತಿದ್ದಿ. ಅದನ್ನ ತೆರಸಾಕ ಎಷ್ಟ ತುಳದೇನಿ ನಿನಗೇನ ಗೊತ್ತು?”

ನಾನು ನಿಂತಲ್ಲೇ ಕೂತೆ. ಕುಸುಬಿ, ಮಾಸ್ತರರು, ತಂಗಿಯ ಕೊಡ ಹೋದರೆ ಹೋಗಲಿ. ಆದರೆ ಆ ಸೋಮವಾರದ್ದು? ಅದೂ ಗಾಳಿಗೆ ಹೋಯಿತೇ? ನನ್ನ ಮುಖದಲ್ಲೇ ಅದು ಕಂಡಿರಬೇಕು.

“ಅವತ್ತ ನೀ ಅಳಾಕತ್ತಿದ್ದಿ,” ಎಂದರು. “ನನ್ನ ಬೆನ್ನಿಗಿ ಗೊತ್ತಾತು. ಯಾತಕ್ಕ ಅಂತ ಕೇಳಲಿಲ್ಲ. ನೀ ಹಂಗ ಅಳೂದು ಆ ಕೂಸಿನ ಸಲುವಾಗಿ ಅಷ್ಟ. ಅದಕ್ಕ ಮನೀ ಕಡೆ ಹೊಳ್ಳಸಲಿಲ್ಲ. ಮುಗಿಯೂತನಾ ಅಳ್ಲಿ ಅಂತ ತುಳದೆ.”

ಆ ಮಗುವಿಗೆ ತೊಟ್ಟಿಲಲ್ಲಿ ಒಂದು ಹೆಸರಿಟ್ಟಿದ್ದೆವು. ಹೋದ ಮೇಲೆ ಅದನ್ನು ನಾನೂ ಅಂದಿರಲಿಲ್ಲ, ಅವರೂ ಅಂದಿರಲಿಲ್ಲ. ನಾನು ಎದ್ದು ಅವರ ಪಕ್ಕಕ್ಕೆ ಹೋಗಿ, ಕಿವಿಗೆ ಬಾಯಿ ಹಚ್ಚಿ, ನನ್ನ ಜನ್ಮದಲ್ಲಿ ಎಂದೂ ಒದರದಷ್ಟು ಗಟ್ಟಿಯಾಗಿ ಒದರಿದೆ.

“ಗುರುಪಾದ!”

ಹೊಲದ ಹೆಣ್ಣುಮಕ್ಕಳು ಕೆಲಸ ಬಿಟ್ಟು ನೋಡಿದರು. ನೋಡಲಿ.

ನಿಮ್ಮ ಅಜ್ಜ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಕಿವಿಯನ್ನು ಇನ್ನೂ ನನ್ನ ಹತ್ತಿರ ತಂದು, “ಇನ್ನೊಮ್ಮಿ ಅನ್ನ” ಎಂದರು.